ನನ್ನ ಹೆಬ್ಬೆರಳಿನ ಆರು ಲಕ್ಷ ವ್ಯೂಗಳನ್ನು ಮಸೂದನ ಹೆಸರಿಗೆ ವರ್ಗಾಯಿಸುವ ಕುರಿತು

ಮಾನ್ಯ ಆನ್‌ಲೈನ್ ನಕಾಶೆಯ ಯಜಮಾನರೇ,

ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಬಸ್ ಸ್ಟ್ಯಾಂಡಿನ ಎದುರು ಕಾಯಿ-ಕರ್ಪೂರದ ಅಂಗಡಿ ಇಟ್ಟುಕೊಂಡಿರುವ ಹಣಮಂತ್ರಾಯನು ತಮಗೂ, ತಮ್ಮ ಮನೆಯವರಿಗೂ, ತಮ್ಮ ಕೈಕೆಳಗೆ ಹಗಲಿರುಳು ಜಗತ್ತನ್ನು ಅಳೆಯುತ್ತಿರುವ ಸಮಸ್ತ ಯಂತ್ರಗಳಿಗೂ ಕೈಮುಗಿದು ಬರೆದುಕೊಳ್ಳುವುದೇನೆಂದರೆ, ಈ ಪತ್ರವನ್ನು ನಾನು ಗುಟ್ಟಾಗಿ ರಿಜಿಸ್ಟರ್ ಪೋಸ್ಟಿನಲ್ಲೇ ಕಳಿಸಬೇಕೆಂದಿದ್ದೆ. ಆದರೆ ತಮ್ಮ ಆಫೀಸನ್ನು ತಮ್ಮದೇ ನಕಾಶೆಯಲ್ಲಿ ಹುಡುಕಿ, ನಮ್ಮ ಅಂಗಡಿಯಿಂದ ಅಲ್ಲಿಗೆ ಹೋಗುವ ಹಾದಿ ತೋರಿಸಬೇಕೆಂದು ಕೇಳಿಕೊಂಡಾಗ, ಅದು ಸ್ವಲ್ಪ ಹೊತ್ತು ಗರಗರ ತಿರುಗಿ, ಹಾದಿ ಸಿಗಲಿಲ್ಲ ಎಂದು ತೋರಿಸಿತು. ತಮ್ಮ ವಿಷಯದಲ್ಲಿ ತಾವೇ ಇಷ್ಟು ಸತ್ಯವಂತರಾಗಿರುವುದನ್ನು ಕಂಡು ನನ್ನ ಗೌರವ ಇನ್ನೂ ಹೆಚ್ಚಾಯಿತು. ಬೇರೆ ಉಪಾಯವಿಲ್ಲದೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಏಳನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು, ತಪ್ಪಿದ್ದಲ್ಲಿ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಅಂಗಡಿಯ ಮಗ್ಗುಲಿಗೇ ಮಸೂದನ ಫೋಟೋ ಸ್ಟುಡಿಯೋ ಇದೆ. ಅವನ ತಂದೆಯ ಕಾಲದಿಂದ ಇದೆ. ದತ್ತ ಮಹಾರಾಜರ ದರ್ಶನಕ್ಕೆ ಬಂದವರು ಮೊದಲು ನಮ್ಮಲ್ಲಿ ಕಾಯಿ ತೆಗೆದುಕೊಂಡು, ದರ್ಶನ ಮುಗಿಸಿ, ಹೋಗುವಾಗ ಅವನಲ್ಲಿ ಫೋಟೋ ತೆಗೆಸಿಕೊಳ್ಳುವುದು ಪದ್ಧತಿಯಾಗಿತ್ತು. ಈಗ ಎಲ್ಲರ ಕಿಸೆಯಲ್ಲೂ ಸ್ಟುಡಿಯೋ ಇರುವುದರಿಂದ ಅವರು ನಮ್ಮಲ್ಲಿ ಕಾಯಿ ಮಾತ್ರ ತೆಗೆದುಕೊಳ್ಳುತ್ತಾರೆ. ಆದರೂ ಮಸೂದ ಮತ್ತು ನಾನು ದಿನಾ ಒಂದು ಚಹಾವನ್ನು ಎರಡು ಮಾಡಿಕೊಂಡು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ಕುಡಿಯುತ್ತಿದ್ದೆವು. ಅರ್ಧ ಅವನ ಗ್ಲಾಸಿಗೆ ಸುರಿಯುವಾಗ ನನ್ನದು ಯಾವಾಗಲೂ ಒಂದು ಗುಟುಕು ಹೆಚ್ಚು ಉಳಿಯುತ್ತದೆ ಎಂಬುದು ಅವನ ತಕರಾರು. ತಮ್ಮ ಕೃಪೆಯಾಗುವವರೆಗೆ ನಮ್ಮಿಬ್ಬರ ನಡುವೆ ಬೇರೆ ತಕರಾರು ಇರಲಿಲ್ಲ.

ತಮ್ಮ ನಕಾಶೆಗೆ ಫೋಟೋ ಹಾಕುವುದನ್ನು ನನಗೆ ಕಲಿಸಿದವನು ಇದೇ ಮಸೂದ. ಅವನು ಚಳಿಗಾಲದಲ್ಲಿ ಸಂಗಮಕ್ಕೆ ಹೋಗಿ, ಭೀಮಾ ಮತ್ತು ಅಮರಜಾ ಕೂಡುವಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ನೀರೆತ್ತಿದ ಒಬ್ಬ ಮುದುಕಿಯ ಫೋಟೋ ತೆಗೆದಿದ್ದ. ಆಗಷ್ಟೇ ಹುಟ್ಟುತ್ತಿದ್ದ ಸೂರ್ಯ ಆಕೆಯ ಬೊಗಸೆಯೊಳಗೇ ಇರುವಂತೆ ಅದರಲ್ಲಿ ಬಂದಿದೆ. ಅವನಿಗೆ ಹತ್ತಿದ ನೆಗಡಿ ಹದಿನೈದು ದಿನ ಬಿಡಲಿಲ್ಲ. ಆ ಫೋಟೋವನ್ನು ಅವನು ನಕಾಶೆಗೆ ಹಾಕಿ, ಹೀಗೆ ಹಾಕಬೇಕು ನೋಡು ಎಂದು ತೋರಿಸಿದ. ನಾನೂ ಕಲಿತೆನೋ ಇಲ್ಲವೋ ನೋಡೋಣವೆಂದು, ಎದುರಿಗಿದ್ದ ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಬೋರ್ಡಿನ ಫೋಟೋ ಹೊಡೆದು ಹಾಕಿದೆ. ಬೋರ್ಡು ಸ್ವಲ್ಪ ಸೊಟ್ಟ ಬಂದಿದೆ. ಕೆಳಗೆ ಬಲಮೂಲೆಯಲ್ಲಿ, ಜೇವರ್ಗಿಯ ಕೊನೆಯ ಬಸ್ಸಿನ ವೇಳೆ ಇರುವ ಜಾಗದ ಮೇಲೆ, ನನ್ನ ಹೆಬ್ಬೆರಳು ಬಂದಿದೆ.

ಅದನ್ನು ತಾವು ಇಲ್ಲಿಯವರೆಗೆ ಆರು ಲಕ್ಷ ಜನರಿಗೆ ತೋರಿಸಿದ್ದೀರಿ. ಮಸೂದನ ಸಂಗಮವನ್ನು ಇನ್ನೂರ ಹನ್ನೆರಡು ಜನರಿಗೆ ತೋರಿಸಿದ್ದೀರಿ.

ತಮ್ಮ ರುಚಿಯನ್ನು ಪ್ರಶ್ನೆ ಮಾಡುವಷ್ಟು ದೊಡ್ಡವನು ನಾನಲ್ಲ. ಮೊದಮೊದಲು ನನಗೂ ಹಿಗ್ಗಾಯಿತು, ಸುಳ್ಳು ಹೇಳಬಾರದು. ತಮ್ಮ ಪತ್ರ ಪ್ರತಿ ತಿಂಗಳು ಮೊಬೈಲಿಗೆ ಬಣ್ಣದ ಕಾಗದದ ಚೂರು ಹಾರಿಸುತ್ತಾ ಅಭಿನಂದನೆ ಎಂದು ಬರುತ್ತಿತ್ತು, ನಾನು ಅದನ್ನು ಮಸೂದನಿಗೆ ತೋರಿಸುತ್ತಿದ್ದೆ, ಅವನು ತನ್ನದನ್ನು ತೆಗೆದು ನೋಡುತ್ತಿದ್ದ, ಇಬ್ಬರೂ ಸೇರಿಸಿ ನೋಡಿ ನಗುತ್ತಿದ್ದೆವು. "ಲೇ ಹಣಮ್ಯಾ, ಜನ ನಿನ್ನ ಫೋಟೋ ನೋಡಾಕತ್ತಿಲ್ಲೋ, ನೀ ಹೆಬ್ಬಟ್ಟ ಯಾವಾಗ ಸರಸ್ತೀಯಂತ ಕಾಯಾಕತ್ತಾರ" ಎಂದು ಅವನೇ ಅಂದಿದ್ದ. ಅದು ನಗೆಚಾಟಿಕೆಯ ಮಾತು. ಆದರೆ ನನ್ನ ಸ್ವಭಾವ ಹೇಗೆಂದರೆ, ಮಾತು ಹೇಳಿದವರು ಮರೆತ ಮೇಲೆ ನನಗೆ ಅದು ಶುರುವಾಗುತ್ತದೆ. ಆರು ಲಕ್ಷ ಜನರಲ್ಲಿ ಜೇವರ್ಗಿಗೆ ಹೋಗುವವರು ಎಷ್ಟು, ನನ್ನ ಬೆರಳಿನ ದೆಸೆಯಿಂದ ಬಸ್ ತಪ್ಪಿಸಿಕೊಂಡು ಕೂಸುಕುನ್ನಿ ಕಟ್ಟಿಕೊಂಡು ನಿಂತವರು ಎಷ್ಟು ಎಂದು ಎಣಿಸತೊಡಗಿದೆ. ಅಂದಿನಿಂದ ಸಂಜೆಯಾದರೆ ಬಸ್ ಸ್ಟ್ಯಾಂಡಿಗೆ ಹೋಗಿ, ಕೈಯಲ್ಲಿ ಮೊಬೈಲು ಹಿಡಿದು ಚಿಂತೆಯಲ್ಲಿ ನಿಂತವರ ಹತ್ತಿರ ಹೋಗಿ, ಜೇವರ್ಗಿ ಬಸ್ಸು ಇನ್ನೂ ಬರುವುದಿದೆ, ಗಾಬರಿಯಾಗಬೇಡಿ ಎಂದು ಹೇಳಿ ಬರುತ್ತೇನೆ. ಹೆಚ್ಚಿನವರು ನಾವು ಕಾರಿನಲ್ಲಿ ಬಂದೇವಿ ಅನ್ನುತ್ತಾರೆ. ಒಬ್ಬರು ನನ್ನನ್ನು ಲಾಡ್ಜಿನ ದಲ್ಲಾಳಿ ಎಂದು ತಿಳಿದು ರೂಮಿನ ರೇಟು ಕೇಳಿದರು.

ಇಷ್ಟಾಗಿದ್ದರೆ ತಮ್ಮ ಅಮೂಲ್ಯ ವೇಳೆಯನ್ನು ಹಾಳು ಮಾಡುತ್ತಿರಲಿಲ್ಲ. ಊರಲ್ಲಿ ಪ್ರಾಣೇಶರಾಯರು ಹೊಸ ಲಾಡ್ಜು ಕಟ್ಟಿಸಿದ್ದಾರೆ. ಒಳಗೆ ಕಾಲಿಟ್ಟ ಕೂಡಲೇ ಎದುರಾಗುವ ಗೋಡೆಗೆ, ನೆಲದಿಂದ ಮಾಳಿಗೆಯವರೆಗೆ, ನಮ್ಮ ಕ್ಷೇತ್ರದ ಒಂದು ಫೋಟೋ ಹಾಕಿಸಬೇಕೆಂಬುದು ಅವರ ಮನಸ್ಸಿನಲ್ಲಿತ್ತು. ಮಸೂದನ ಸಂಗಮವೆಂದು ಮಾತಾಗಿತ್ತು. ಮಸೂದ ಗೋಡೆಯ ಅಳತೆ ತಂದಿದ್ದ, ಮುದುಕಿಯ ಮುಖ ಎಲ್ಲಿ ಬರಬೇಕೆಂದು ಸೀಮೆಸುಣ್ಣದಿಂದ ಗುರುತನ್ನೂ ಮಾಡಿ ಬಂದಿದ್ದ. ಅಷ್ಟರಲ್ಲಿ ರಾಯರು, ನಾಲ್ಕು ಮಂದಿ ಒಪ್ಪಿದ್ದನ್ನು ಹಾಕಬೇಕೆಂದು, ತಮ್ಮ ನಕಾಶೆಯನ್ನು ತೆಗೆದು ಎರಡೂ ಫೋಟೋಗಳ ವ್ಯೂ ತಾಳೆ ನೋಡಿದರು. "ಇನ್ನೂರಾ ಐದು ಮಂದಿ ಒಂದು ಕಡೆ, ಆರು ಲಕ್ಷ ಮಂದಿ ಒಂದು ಕಡೆ. ಅಷ್ಟು ಮಂದಿ ಹುಚ್ಚರೇನ್ರಿ?" ಎಂದರು. ಆ ಪ್ರಶ್ನೆಗೆ ಉತ್ತರ ತಮ್ಮ ಹತ್ತಿರ ಇದ್ದರೆ ತಿಳಿಸಬೇಕು.

ಈಗ ಆ ಗೋಡೆಯ ಮೇಲೆ ನನ್ನ ಹೆಬ್ಬೆರಳಿದೆ. ಆಳೆತ್ತರ ಇದೆ. ಉಗುರಿನ ಸಂದಿಯಲ್ಲಿ ಕುಂಕುಮ ಇದ್ದದ್ದು ನನಗೇ ಗೊತ್ತಿರಲಿಲ್ಲ. ಪುಣೆ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳು ಅದಕ್ಕೆ ಕೈಮುಗಿದು ಹೋದಳು ಎಂದು ಸುದ್ದಿ. ಗೋಡೆ ನೋಡಿ ಬಂದ ನಮ್ಮ ಮನೆಯವಳು ಗಂಗಾಬಾಯಿ, "ಮದುವಿ ಆಗಿ ಇಷ್ಟು ವರ್ಷಾತು, ನಿಮ್ಮ ಮಾರಿ ಯಾರೂ ಇಷ್ಟು ದೊಡ್ಡದು ಮಾಡಿ ಹಾಕಲಿಲ್ಲ ನೋಡ್ರಿ" ಎಂದಳು. ಮರುದಿನ ಚಹಾ ಬಂದಾಗ ಮಸೂದ ತನ್ನದೊಂದು ಪೂರ್ತಿ ಗ್ಲಾಸು ತರಿಸಿಕೊಂಡು, ತನ್ನ ಬಾಗಿಲಲ್ಲೇ ನಿಂತು ಕುಡಿದ.

ಆ ದಿನದಿಂದ ನಾನು ಮಾಡಿದ ಪ್ರಯತ್ನಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಮೊದಲಿಗೆ ನನ್ನ ಫೋಟೋದ ಮೇಲೆ ನಾನೇ ದೂರು ಕೊಟ್ಟೆ, ಇದು ಸರಿಯಿಲ್ಲ, ಬೆರಳು ಅಡ್ಡ ಬಂದಿದೆ, ತೆಗೆದು ಒಗೆಯಬೇಕು ಎಂದು. ತಾವು ಪರಿಶೀಲಿಸಿ, ಇದರಲ್ಲಿ ನಿಯಮದ ಉಲ್ಲಂಘನೆ ಕಂಡುಬಂದಿಲ್ಲ ಎಂದು ಉತ್ತರ ಕೊಟ್ಟಿರಿ. ನನ್ನ ಬೆರಳು ಇಷ್ಟು ನೇಮಸ್ತ ಎಂದು ಜೀವನದಲ್ಲಿ ಮೊದಲ ಸಲ ಒಬ್ಬರು ಬರೆದು ಕೊಟ್ಟದ್ದಕ್ಕೆ ಋಣಿಯಾಗಿದ್ದೇನೆ. ಹಾಕಿದವನೇ ಅಳಿಸಬಹುದು ಎಂದು ಆಮೇಲೆ ತಿಳಿಯಿತು. ಹೇಗೆಂದು ಮಸೂದನನ್ನೇ ಕೇಳಬೇಕಾಯಿತು, ಏಕೆಂದರೆ ಮೊಬೈಲಿನ ವಿಷಯದಲ್ಲಿ ನನಗೆ ಬೇರೆ ಗುರುವಿಲ್ಲ. "ತಗದಿ ಅಂದ್ರ ನೋಡು. ಮಸೂದ ಹೊಟ್ಟಿಕಿಚ್ಚಿಗೆ ತಗಸಿದಾ ಅಂತಾರ ಊರಾಗ. ನಿನ್ನ ಹೆಂಡತಿ ಆಣಿ ಅದ" ಎಂದ. ಆಣೆ ಮೀರಿದರೆ ಗಂಗಾಬಾಯಿಗೆ ಏನಾದರೂ ಆದೀತೆಂದು ಆ ಅಳಿಸುವ ಗುಂಡಿಯ ಹತ್ತಿರವೂ ಹೋಗಿಲ್ಲ.

ಬಳಿಕ ಅವನ ವ್ಯೂ ಹೆಚ್ಚಿಸುವ ಕೆಲಸಕ್ಕೆ ಕೈಹಾಕಿದೆ. ಕಾಯಿ ಕೊಳ್ಳಲು ಬಂದ ಭಕ್ತರಿಗೆ, ಕಾಯಿ ಆರಿಸುವುದರೊಳಗೆ ಮೊಬೈಲಿನಲ್ಲಿ ಸಂಗಮದ ಫೋಟೋ ಒಮ್ಮೆ ನೋಡಿರೆಂದು ಕಾಲು ಬಿದ್ದು ಕೇಳಿದೆ. ಕೆಲವರು ನೋಡಿ, ಚೆಂದ ಅದ ಎಂದು, ಅದರ ಪಕ್ಕದಲ್ಲೇ ತಾವು ಇಟ್ಟಿದ್ದ ನನ್ನ ಬೋರ್ಡನ್ನೂ ಒತ್ತಿ, ಇದೇನಿದು ಎಂದು ದೊಡ್ಡದು ಮಾಡಿ ನೋಡಿದರು. ಅವನದು ಏಳು ಏರುವುದರೊಳಗೆ ನನ್ನದು ಸಾವಿರ ಏರಿತು. ನಾನೇ ಅವನ ಫೋಟೋವನ್ನು ಗಿರಾಕಿ ಇಲ್ಲದಾಗಲೆಲ್ಲ ತೆಗೆದು ತೆಗೆದು ನೋಡಿದೆ, ಅದನ್ನು ತಾವು ಲೆಕ್ಕಕ್ಕೆ ಹಿಡಿದ ಹಾಗೆ ಕಾಣಲಿಲ್ಲ. ನಮ್ಮಲ್ಲಿ ಒಬ್ಬನೇ ಭಕ್ತ ಔದುಂಬರದ ಗಿಡಕ್ಕೆ ನೂರೆಂಟು ಸುತ್ತು ಬಂದರೆ ದೇವರು ನೂರೆಂಟು ಎಂದೇ ಹಿಡಿಯುತ್ತಾನೆ, ನೀನು ಅದೇ ಮನುಷ್ಯನಲ್ಲವೇ ಎಂದು ಕೇಳುವುದಿಲ್ಲ. ತಮ್ಮ ಕಾಯಿದೆ ದೇವರಿಗಿಂತ ಬಿಗಿ ಇದೆ ಎಂದು ಅರಿತುಕೊಂಡೆ.

ಕಡೆಗೆ ಅಫಜಲಪುರಕ್ಕೆ ಹೋಗಿ, ಬಾಂಡ್ ಬರೆಯುವ ಪರಮೇಶನನ್ನು ಕಂಡು, ನನ್ನ ಹೆಸರಿನಲ್ಲಿರುವ ವ್ಯೂಗಳನ್ನು ಮಸೂದನ ಹೆಸರಿಗೆ ದಾನಪತ್ರ ಮಾಡಿಕೊಡಬೇಕೆಂದು ಕೇಳಿಕೊಂಡೆ. ಅಣ್ಣತಮ್ಮಂದಿರು ಹೊಲ ಹಿಸ್ಸೆ ಮಾಡಿಕೊಂಡಾಗ ಕಾಗದ ಬರೆಯುವುದಿಲ್ಲವೇ, ಹಾಗೆ. ಪರಮೇಶ ಕನ್ನಡಕ ಮೇಲೆ ಸರಿಸಿ, "ಕಾಕಾ, ಆಸ್ತಿ ಸ್ಥಿರ ಅದನೋ ಚರ ಅದನೋ ಮೊದ್ಲ ಹೇಳ್ರಿ" ಎಂದು ಕೇಳಿದ. ದಿನಾ ಏರುತ್ತದೆ, ಇಳಿದದ್ದು ನೋಡಿಲ್ಲ ಎಂದೆ. ನಾಲ್ಕು ಮೇರೆ ಎಲ್ಲೆಲ್ಲಿ ಎಂದು ಕೇಳಿದ. ಮೂಡಣಕ್ಕೆ ಏನು, ಪಡುವಣಕ್ಕೆ ಏನು ಎಂದು ನನಗೆ ಹೇಳಲಾಗಲಿಲ್ಲ. ನಕಾಶೆ ತಮ್ಮದು, ಮೇರೆಗಳನ್ನು ತಾವೇ ತುಂಬಿಕೊಡಬೇಕು.

ಈ ನಡುವೆ ಮಸೂದ ಸ್ಟುಡಿಯೋ ಮುಚ್ಚುವುದೆಂದು ನಿಶ್ಚಯ ಮಾಡಿದ್ದಾನೆ. ಜೇವರ್ಗಿಯಲ್ಲಿ ಅವನ ಭಾವನದು ಟಾಯರಿನ ಅಂಗಡಿ ಇದೆ, ಅಲ್ಲಿ ನಿಲ್ಲುತ್ತಾನಂತೆ. ಮೊಬೈಲು ಬಂದಾಗಲೇ ಅವನ ಬಾಗಿಲಿಗೆ ಬೀಗ ಬಿದ್ದಿತ್ತು, ನಿಮ್ಮ ಹೆಬ್ಬಟ್ಟಿಗೆ ಅಷ್ಟು ತಾಕತ್ತು ಎಲ್ಲಿಂದ ಬರಬೇಕು ಎಂದು ಗಂಗಾಬಾಯಿ ಸಮಾಧಾನ ಹೇಳುತ್ತಾಳೆ. ಇರಬಹುದು. ಆದರೆ ಮೊಬೈಲು ಬಂದು ಎಷ್ಟೋ ವರ್ಷವಾಯಿತು, ಅವನು ಮುಚ್ಚಿರಲಿಲ್ಲ. ಗೋಡೆಯ ಸೀಮೆಸುಣ್ಣದ ಗುರುತು ಅಳಿಸಿದ ವಾರವೇ ಮುಚ್ಚುತ್ತೇನೆಂದ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ನನ್ನ ಆರು ಲಕ್ಷದಿಂದ ಐದು ಲಕ್ಷ ತೊಂಬತ್ತೊಂಬತ್ತು ಸಾವಿರವನ್ನು ಕಡಿದು ಮಸೂದನಿಗೆ ಜಮಾ ಮಾಡಬೇಕು. ಉಳಿದ ಸಾವಿರ ಜನರೊಡನೆ ನಾನು ಹೇಗೋ ನಿಭಾಯಿಸುತ್ತೇನೆ. ಅದಕ್ಕೆ ತಮ್ಮ ಕಾನೂನಿನಲ್ಲಿ ಅವಕಾಶವಿಲ್ಲದಿದ್ದರೆ, ನೋಡಿದ ಪ್ರತಿಯೊಬ್ಬರ ಮನೆಗೂ ಒಬ್ಬ ಸಿಪಾಯಿಯನ್ನು ಕಳಿಸಿ, ನೋಡಿ ಸಂತೋಷವಾಯಿತೋ, ಬಸ್ ತಪ್ಪಿತೋ ಎಂದು ಕೇಳಿಸಿ, ಎರಡನ್ನೂ ಬೇರೆ ಬೇರೆ ಬರೆಯಬೇಕು. ಅದೂ ಭಾರವೆನಿಸಿದರೆ, ತಮ್ಮ ಕಂಪನಿಯ ಒಬ್ಬ ದೊಡ್ಡ ಸಾಹೇಬರು ಮಾಘ ಮಾಸದಲ್ಲಿ ಒಂದು ಸಲ ನಮ್ಮಲ್ಲಿಗೆ ಬಂದು, ಹೊತ್ತು ಹುಟ್ಟುವ ಮೊದಲು ಸಂಗಮದ ನೀರಿನಲ್ಲಿ ಮೊಣಕಾಲುದ್ದ ನಿಂತು, ಆಮೇಲೆ ಎರಡೂ ಫೋಟೋ ನೋಡಿ ತೀರ್ಪು ಕೊಡಬೇಕು. ಟಾವೆಲು, ಸುಂಠಿ ಕಷಾಯದ ವ್ಯವಸ್ಥೆ ನನ್ನದು. ಇದಾವುದೂ ಆಗದಿದ್ದರೆ, ಪ್ರತಿ ತಿಂಗಳ ಅಭಿನಂದನೆಯಲ್ಲಿ ಆ ಬಣ್ಣದ ಕಾಗದ ಹಾರಿಸುವುದನ್ನಾದರೂ ನಿಲ್ಲಿಸಬೇಕು. ಒಂದು ಬಾಗಿಲು ಮುಚ್ಚುತ್ತಿರುವಾಗ ಮಗ್ಗುಲ ಬಾಗಿಲಲ್ಲಿ ಹಾಗೆ ಹಾರಿಸುವುದು ನಮ್ಮ ಕಡೆ ರೂಢಿಯಲ್ಲಿಲ್ಲ.

ಹೆಚ್ಚಿಗೆ ಬರೆದಿದ್ದರೆ ಕ್ಷಮೆ ಇರಲಿ, ಕಡಿಮೆ ಬರೆದೆನೇನೋ ಎಂಬ ಚಿಂತೆಯಲ್ಲಿ,

ಬಿಟ್ಟರೂ ಬಿಡದ ತಮ್ಮ ವಿಶ್ವಾಸಿ,
ಹಣಮಂತ್ರಾಯ
ಕಾಯಿ-ಕರ್ಪೂರದ ಅಂಗಡಿ, ಗಾಣಗಾಪುರ

ತಾ.ಕ.: ಅರ್ಜಿ ಎಂದ ಮೇಲೆ ಪಾಸ್‌ಪೋರ್ಟ್ ಅಳತೆಯ ಫೋಟೋ ಇರದಿದ್ದರೆ ಮೂಲೆಗೆ ಬೀಳುತ್ತದೆ ಎಂದು ಪರಮೇಶ ಹೇಳಿದ. ಊರಲ್ಲಿ ಬೇರೆ ಸ್ಟುಡಿಯೋ ಇಲ್ಲದ್ದರಿಂದ ನಿನ್ನೆ ಮಸೂದನಲ್ಲಿಗೇ ಹೋದೆ. ಸಾಮಾನು ಕಟ್ಟುತ್ತಿದ್ದ. ಯಾತಕ್ಕೆ ಫೋಟೋ ಎಂದು ಕೇಳಿದ, ಹೇಳಿದೆ. ನಗಲಿಲ್ಲ. ಮಡಚಿ ಇಟ್ಟಿದ್ದ ನೀಲಿ ಪರದೆ ಬಿಚ್ಚಿ ಮತ್ತೆ ಗೋಡೆಗೆ ಹಾಕಿದ, ಕಟ್ಟಿದ ಪೆಟ್ಟಿಗೆ ಬಿಚ್ಚಿ ಕ್ಯಾಮೆರಾ ತೆಗೆದ, ನನ್ನ ಕಾಲರು ಸರಿ ಮಾಡಿ, "ಗದ್ದ ಎತ್ತಲೇ, ಕಂಪನಿಯಾವ್ರು ನೋಡಾವ್ರದಾರ" ಎಂದ. ಮೊದಲ ಎರಡು ಸಲ ಸರಿ ಬರಲಿಲ್ಲವೆಂದು ಮೂರನೇ ಸಲ ತೆಗೆದ. ದುಡ್ಡು ಮುಟ್ಟಲಿಲ್ಲ. ಆ ಫೋಟೋವನ್ನು ಈ ಪತ್ರದ ಮೂಲಪ್ರತಿಗೆ ಪಿನ್ನು ಚುಚ್ಚಿ ಅಂಗಡಿಯಲ್ಲಿ ಇಟ್ಟಿದ್ದೇನೆ, ತಮ್ಮವರು ಬಂದಾಗ ನೋಡಬಹುದು. ಸದ್ಯಕ್ಕೆ ಅದನ್ನು ನೋಡಿದವರು ಅವನು ಮತ್ತು ನಾನು, ಇಬ್ಬರೇ. ತಾವು ನೋಡಿದರೆ ಮೂರಾಗುತ್ತದೆ. ಆ ಒಂದನ್ನು ದಯಮಾಡಿ ನನ್ನ ಹೆಸರಿಗೆ ಬರೆಯಬೇಡಿ. ತೆಗೆದವನ ಹೆಸರಿನ ರಬ್ಬರ್ ಸಿಕ್ಕಾ ಹಿಂದೆ ಹೊಡೆದಿದೆ.