ಪೆಟ್ಟಿಗೆಯಲ್ಲಿ ಮಲಗಿ ನೋಡಿದವರು

ನಾಯಿಮರಿಗೆಂದು ಮಾಡಿಸಿದ ಪೆಟ್ಟಿಗೆಯಲ್ಲಿ ಮೊದಲು ತಾನೇ ಮಲಗಿ ನೋಡಿದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿಲ್ಲವಾದರೆ ಮುಧೋಳದ ಬಸ್ಸು ಹತ್ತಿ ನಮ್ಮೂರಿಗೆ ಬನ್ನಿ, ತೋರಿಸುತ್ತೇನೆ. ಅವರು ನನ್ನ ಗಂಡ. ಆ ದಿನ ಅರ್ಧ ಮೈ ಪೆಟ್ಟಿಗೆಯ ಒಳಗಿತ್ತು, ಧೋತರದಲ್ಲಿ ಸುತ್ತಿದ ಉಳಿದರ್ಧ ಅಂಗಳದಲ್ಲಿತ್ತು. ನಾನು ಚಹಾ ತಂದರೆ ಒಳಗಿನಿಂದಲೇ ಕೈ ಚಾಚಿ ಕಪ್ಪು-ಬಸಿ ಇಸಿದುಕೊಂಡು, "ಗಾಳಿ ಛಲೋ ಬರತೈತಿ" ಎಂದರು.

ನಗಬೇಡಿ. ಅಥವಾ ನಕ್ಕುಬಿಡಿ, ನಾನೂ ನಗುತ್ತಲೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಬೇಕು. ಮೊಮ್ಮಗಳು ಹುಟ್ಟಿದ್ದಾಳೆ, ಸುಮ್ಮನಿರಲು ಆಗುತ್ತಿಲ್ಲ. ಯಾರ ಮುಂದೆ ಕೂತರೂ ಅವಳ ಕಿವಿ, ಅವಳ ಉಗುರು, ಅವಳ ಆಕಳಿಕೆ, ಇವೇ ಮಾತು. ಓಣಿಯ ಹೆಂಗಸರು ಈಗ ನನ್ನನ್ನು ದೂರದಿಂದ ಕಂಡರೆ ಸಾಕು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಒಳಗೆ ಓಡುತ್ತಾರೆ. ಅದಕ್ಕೇ ಕಾಗದ ಹಿಡಿದೆ, ಕಾಗದ ಓಡಿಹೋಗುವುದಿಲ್ಲ. ಆದರೆ ನಮ್ಮ ಮನೆಗೆ ಮೊಮ್ಮಗಳಿಗಿಂತ ಮೊದಲು ಬಂದದ್ದು ನಾಯಿಮರಿ, ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಮಗಳು ಕುಬಸ ಮುಗಿಸಿಕೊಂಡು ಹೆರಿಗೆಗೆಂದು ನಮ್ಮಲ್ಲಿಗೆ ಬಂದಿದ್ದಳು. ಅದೇ ವಾರ ಇವರು ರನ್ನ ಬೆಳಗಲಿಯಲ್ಲಿ ಬೀಜದ ಕಬ್ಬು ನೋಡಿ ಬರುತ್ತೇನೆಂದು ಹೋದರು. ಬಂದಾಗ ಕಬ್ಬಿನ ಸುದ್ದಿ ಇರಲಿಲ್ಲ, ರುಮಾಲಿನಲ್ಲಿ ಒಂದು ನಾಯಿಮರಿ ಇತ್ತು. ಮುಧೋಳ ನಾಯಿಯೆಂದರೆ ನಿಮಗೆ ಗೊತ್ತಲ್ಲ, ಮೈಯೆಲ್ಲ ಕಾಲು. ಇದಕ್ಕೆ ತನ್ನ ನಾಲ್ಕು ಕಾಲುಗಳಲ್ಲಿ ಯಾವುದನ್ನು ಮೊದಲು ಎತ್ತಿಡಬೇಕೆಂದು ಇನ್ನೂ ತಿಳಿದಿರಲಿಲ್ಲ. ಒಂದು ಕೆಲಸ ಮಾತ್ರ ಚೆನ್ನಾಗಿ ತಿಳಿದಿತ್ತು, ಅದನ್ನು ಅಡುಗೆಮನೆಯಲ್ಲಿ, ದೇವರ ಕೋಣೆಯ ಹೊಸ್ತಿಲಲ್ಲಿ, ಮಗಳ ಹಾಸಿಗೆಯ ಪಕ್ಕದಲ್ಲಿ, ಹೀಗೆ ಭೇದಭಾವವಿಲ್ಲದೆ ಮಾಡುತ್ತಿತ್ತು. ಒಂದು ಮುಂಜಾನೆ ಮಗಳು ಅದರ ಮೇಲೆ ಕಾಲಿಟ್ಟು ಟೈಲ್ಸಿನ ಮೇಲೆ ಜಾರಿದಳು. ಬಾಗಿಲು ಹಿಡಿದುಕೊಂಡಳು, ಬೀಳಲಿಲ್ಲ. ಆದರೆ ನಾನು ಸಂಜೆಯ ತನಕ ಅವಳ ಹಿಂದೆ ಹಿಂದೆಯೇ ತಿರುಗಿದೆ.

ಮಗಳು ಸಿಟ್ಟಾಗಲಿಲ್ಲ. ಅವಳು ತಣ್ಣಗೆ ಮಾತಾಡಿದರೇ ಹೆಚ್ಚು ಹೆದರಿಕೆ. "ಅಪ್ಪಾ, ಕೂಸು ಮನಿಗೆ ಬರೂದ್ರಾಗ ಇದು ಹೊರಗ ಹೋಗೂದು ಕಲೀಬೇಕು. ಕೂಸು ಬಂದಮ್ಯಾಲ ಒಂದ ಸಲ ಮನ್ಯಾಗ ಹೊಲಸು ಮಾಡಿದ್ರೂ ಬೆಳಗಲಿಗೆ ತಿರುಗಿ ಕೊಟ್ಟು ಬರಬೇಕು."

ಇವರು ಮರಿಯ ಮುಖ ನೋಡಿದರು, ಮಗಳ ಮುಖ ನೋಡಿದರು. "ಆತು" ಎಂದರು.

ಮಾತು ಕೊಟ್ಟಮೇಲೆ ದನದ ಡಾಕ್ಟರ ಹತ್ತಿರ ಓಡಿದರು. ಡಾಕ್ಟರು ಹೇಳಿದ್ದಿಷ್ಟೇ: ನಾಯಿ ತಾನು ಮಲಗುವ ಜಾಗವನ್ನು ಹೊಲಸು ಮಾಡುವುದಿಲ್ಲ. ಅದು ಎದ್ದು ನಿಂತು, ತಿರುಗಿ, ಮಲಗುವಷ್ಟೇ ದೊಡ್ಡ ಪೆಟ್ಟಿಗೆ ಇಡಿ. ಉಂಡ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಹೊರಗೆ ಒಂದೇ ಜಾಗಕ್ಕೆ ಒಯ್ಯಿರಿ. ಮಾಡಿದರೆ ಹೊಗಳಿ, ಮಾಡದಿದ್ದರೆ ಹೊಡೆಯಬೇಡಿ.

ಸರಳ ಮಾತು. ಆದರೆ ಪೆಟ್ಟಿಗೆ ಮಾಡಲು ಹೇಳಿದ್ದು ಯಾರಿಗೆ? ಕಬ್ಬಿನ ಟ್ರ್ಯಾಲಿ ಬೆಸೆಯುವ ವೆಲ್ಡಿಂಗ್ ಅಂಗಡಿಯವನಿಗೆ! ಅವನಿಗೆ ಗೊತ್ತಿದ್ದದ್ದನ್ನೇ ಅವನು ಮಾಡಿದ. ಬಾಗಿಲಿನಂತೆ ಹಿಂದೆ ತೆರೆಯುವ ಫಳಿ, ಎರಡೂ ಕಡೆ ಕೊಂಡಿ, ಹಿಂಭಾಗಕ್ಕೆ ಕೆಂಪು ರೇಡಿಯಂ ಪಟ್ಟಿ. ಗಾಲಿಯೊಂದು ಮಾತ್ರ ಇರಲಿಲ್ಲ. ಅಳತೆ ಕೊಟ್ಟವರು ನಮ್ಮವರು. ಸಾಲೆಗೆ ಹೋಗುವಾಗ ಮಕ್ಕಳಿಗೆ ಅಂಗಿ ಹೊಲಿಸುತ್ತಿದ್ದದ್ದೂ ಇವರೇ. ಬೆಳೆಯುವ ಮಕ್ಕಳೆಂದು ಎರಡು ವರ್ಷ ಮುಂದಿನ ಅಳತೆ ಕೊಡುತ್ತಿದ್ದರು, ಮಕ್ಕಳು ತೋಳು ಮಡಚಿ ಮಡಚಿ ಬೇಸತ್ತಿದ್ದವು. ಮರಿಗೂ ಅದೇ ನ್ಯಾಯವಾಯಿತು. ಪೆಟ್ಟಿಗೆ ಎಷ್ಟು ದೊಡ್ಡದೆಂದರೆ, ಇವರು ಒಳಗೆ ಹೋಗಿ ಚಹಾ ಕುಡಿದದ್ದು ಹೇಳಿದೆನಲ್ಲ.

ಮರಿ ಒಳಗೆ ಹೋಯಿತು, ಸುತ್ತು ಹಾಕಿತು, ಮನೆ ಹಿಡಿಸಿತೆಂದು ಕಾಣುತ್ತದೆ. ಒಂದು ಮೂಲೆಯಲ್ಲಿ ಮಲಗಿತು. ಎದ್ದು, ಎದುರಿನ ಮೂಲೆಯಲ್ಲಿ ಕೆಲಸ ಮುಗಿಸಿತು. ತಿರುಗಿ ಬಂದು ಮತ್ತೆ ಮಲಗಿತು.

"ಬಾತರೂಮ್ ಸಹಿತ ಕಟ್ಟಿಸೀರಿ ಅದಕ್ಕ" ಎಂದೆ.

ಇವರು ಅರ್ಧ ಪೆಟ್ಟಿಗೆಗೆ ಜೋಳದ ಚೀಲ ತುರುಕಿದರು. ಜಾಗ ಕಿರಿದಾಯಿತು, ಮೂಲೆಯ ಕೆಲಸ ನಿಂತಿತು. ಆದರೆ ಚೀಲಕ್ಕೆ ತೂತು ಬಿತ್ತು. ಎಷ್ಟೋ ದಿನ ನಮ್ಮ ಓಣಿಯ ಕೋಳಿಗಳೆಲ್ಲ ಆ ಪೆಟ್ಟಿಗೆಯ ಮುಂದೆಯೇ ಸಂಸಾರ ಮಾಡಿದವು.

ಇನ್ನು ಹೊರಗೆ ಒಯ್ಯುವ ಕೆಲಸ. ದನ ಕಟ್ಟುವ ಕೊಟ್ಟಿಗೆಯ ಆಚೆ ನಮ್ಮ ತಿಪ್ಪೆ. ಸಗಣಿ ಬಿದ್ದಿರುವ ಜಾಗವೇ ಸರಿಯೆಂದು ಇವರು ಅದನ್ನು ಆರಿಸಿದರು. ಮರಿ ಹಾಲು ಕುಡಿದ ಕೂಡಲೇ ಕಂಕುಳಲ್ಲಿ ಇಟ್ಟುಕೊಂಡು ಅಲ್ಲಿಗೆ. ಮಲಗಿ ಎದ್ದ ಕೂಡಲೇ ಅಲ್ಲಿಗೆ. ಬೀಗರು ಬಂದು ಕೂತಿರಲಿ, ಜಮೀನಿನ ಮಾತು ನಡೆದಿರಲಿ, ಮರಿ ನೆಲ ಮೂಸಿದರೆ ಸಾಕು, ಅರ್ಧ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಎದ್ದು ಓಡುತ್ತಿದ್ದರು. ತಿಪ್ಪೆಯ ಹತ್ತಿರ ನಿಂತು ಕಾಯುತ್ತಿದ್ದರು. ಆಯಿತೆಂದರೆ ಕುಕ್ಕರುಗಾಲಲ್ಲಿ ಕೂತು ಅದರ ತಲೆ ಸವರಿ ಹೊಗಳುತ್ತಿದ್ದರು. ನಾನು ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಹೋಳಿಗೆ ಮಾಡಲಿ ಮಾದಲಿ ಮಾಡಲಿ, ಅಂಥ ಹೊಗಳಿಕೆ ನನಗೆ ಬಂದಿಲ್ಲ.

ಕ್ರಮೇಣ ಇದು ಅಭ್ಯಾಸವಾಗಿ ಮನುಷ್ಯರ ತನಕ ಬಂತು. ಗಲಗಲಿಯ ನನ್ನ ತಮ್ಮ ಊಟಕ್ಕೆ ಬಂದಿದ್ದ. ಅವನು ಕೈ ತೊಳೆದು ಏಳುವಷ್ಟರಲ್ಲಿ ಇವರು ಬಾಗಿಲು ತೆರೆದು ನಿಂತು ಬಹಳ ಪ್ರೀತಿಯಿಂದ, "ಹೊರಗ ಹೋಗಿ ಬರ್ತೀಯೇನ?" ಎಂದರು.

ತಮ್ಮ ನನ್ನ ಮುಖ ನೋಡಿದ. "ಏನಽ ಅಕ್ಕಾ, ಉಣ್ಣಿಸಿದ ಕೂಡ್ಲೆ ಹೊರಗ ಹಾಕಾಕತ್ತಾರ ಮಾಮಾರು?"

ಒಂದು ಸಲ ಮರಿ ನನ್ನ ಹೊಸ ಚಪ್ಪಲಿ ಕಡಿದು ಹಾಕಿತು. ಬೈದು ಪೆಟ್ಟಿಗೆಗೆ ಹಾಕಿ ಫಳಿ ಮುಚ್ಚಿದೆ. ಇವರಿಗೆ ಎಲ್ಲಿಲ್ಲದ ಸಿಟ್ಟು. ಅದು ಮರಿಯ ಮನೆ, ಜೈಲಲ್ಲ, ಶಿಕ್ಷೆಗೆ ಅಲ್ಲಿ ಹಾಕಿದರೆ ಮುಂದೆ ಅದು ಅಲ್ಲಿ ಮಲಗುವುದಿಲ್ಲ ಎಂದು ನನಗೇ ಪಾಠ. ಆ ಹೊತ್ತು ಊಟಕ್ಕೂ ಏಳಲಿಲ್ಲ. ಕೊನೆಗೆ ನಾನು ಪೆಟ್ಟಿಗೆಯ ಮುಂದೆ ಕೂತು, ರೊಟ್ಟಿಯ ಚೂರು ತೋರಿಸಿ, ನಾಯಿಮರಿಗೆ ತಪ್ಪಾಯಿತೆಂದು ಹೇಳಬೇಕಾಯಿತು. ಮರಿ ಕ್ಷಮಿಸಿತು. ಇವರು ಇನ್ನೂ ಸ್ವಲ್ಪ ಹೊತ್ತು ಬಿಗುವಾಗಿಯೇ ಇದ್ದರು.

ಆದರೆ ಕಲಿತಿತು ನೋಡಿ! ಮಗಳಿಗೆ ದಿನ ತುಂಬುವ ಹೊತ್ತಿಗೆ ಮರಿ ತಾನೇ ಬಾಗಿಲಿಗೆ ಹೋಗಿ ಪರಪರ ಕೆರೆದು, ತಿರುಗಿ ಬಂದು, ಕುಂಯ್ ಎಂದು ಕರೆಯಲು ಶುರು ಮಾಡಿತ್ತು. ಮನೆಯೊಳಗೆ ಒಂದು ಹನಿ ಇಲ್ಲ. ಇವರು ಮಗ ಮೆಟ್ರಿಕ್ ಪಾಸಾದವರಂತೆ ಓಣಿ ತುಂಬ ಹೇಳಿಕೊಂಡು ಬಂದರು.

ಜಮಖಂಡಿಯ ದವಾಖಾನೆಯಲ್ಲಿ ಮೊಮ್ಮಗಳು ಹುಟ್ಟಿದಳು. ಅವಳ ಬಣ್ಣ, ಅವಳ ಮೂಗು... ಬೇಡ, ಶುರು ಮಾಡಿದರೆ ನಿಲ್ಲುವುದಿಲ್ಲ. ಬಾಣಂತಿ ಮನೆಗೆ ಬರುವ ದಿನ ನಾನು ಮುಂಚೆಯೇ ಬಂದು ಮನೆ ಅಣಿ ಮಾಡಿದೆ. ಒಳಗಿನ ಕೋಣೆಗಳಿಗೆ ಟೈಲ್ಸ್ ಇದ್ದರೂ ಪಡಸಾಲೆ ನಮ್ಮದು ಮಣ್ಣಿನ ನೆಲ, ಬೇಸಿಗೆಗೆ ತಂಪೆಂದು ಇವರು ಕೆಡವಲು ಬಿಟ್ಟಿಲ್ಲ. ಬಸುರಿ ಮಗಳಿಗೆ ಸಗಣಿಯ ವಾಸನೆಯೆಂದರೆ ಹೊಟ್ಟೆ ತೊಳಸುತ್ತಿತ್ತು, ಹಾಗಾಗಿ ಅವಳಿದ್ದ ತಿಂಗಳುಗಳಲ್ಲಿ ನಾನು ಸಾರಿಸಿಯೇ ಇರಲಿಲ್ಲ. ಈಗ ಹೆತ್ತಾಯಿತು, ಮೊದಲ ಮೊಮ್ಮಗಳು ಬರುತ್ತಿದ್ದಾಳೆ, ಸಾರಿಸದ ನೆಲದ ಮೇಲೆ ಬರಮಾಡಿಕೊಳ್ಳಲೇ? ಗಟ್ಟಿ ಸಗಣಿ ಕಲಸಿ ಪಡಸಾಲೆಯನ್ನು ಮೂಲೆ ಮೂಲೆಯೂ ಬಿಡದೆ ಸಾರಿಸಿ, ರಂಗೋಲಿ ಹಾಕಿದೆ.

ಗಾಡಿ ಬಂತು. ರೊಟ್ಟಿ ನಿವಾಳಿಸಿ ಬಿಸಾಡಿದೆ. ಮಗಳು ಕೂಸಿನೊಂದಿಗೆ ಒಳಗೆ ಕಾಲಿಟ್ಟಳು. ಅದೇ ಹೊತ್ತಿಗೆ ನಿದ್ದೆಯಿಂದ ಎದ್ದ ಮರಿ ಪಡಸಾಲೆಗೆ ಬಂತು, ನೆಲ ಮೂಸಿತು, ಒಂದು ಸುತ್ತು ಹಾಕಿತು, ರಂಗೋಲಿಯ ನಟ್ಟನಡುವೆ ಕೂತಿತು.

ಕೆಲಸ ಮುಗಿಸಿ ಮರಿ ಹೊಗಳಿಕೆಗಾಗಿ ಇವರ ಮುಖ ನೋಡಿತು.

"ಅದರದೇನೂ ತಪ್ಪಿಲ್ಲ" ಎಂದರು ಇವರು. "ಹೆಂಡಿ ವಾಸನಿ ಇದ್ದಲ್ಲಿ ಕೂಡು ಅಂತ ಕಲಿಸೀನಿ. ನಿಮ್ಮವ್ವ ತಿಪ್ಪೀನಽ ಒಳಗ ತಂದಾಳ."

ಎಂಥ ವಕೀಲಿ! ನ್ಯಾಯ ಅವರ ಕಡೆಗೇ ಇತ್ತು, ನನಗೂ ಗೊತ್ತು. ಆದರೆ ಮಗಳು ದಣಿದಿದ್ದಳು. "ಒಂದ ಸಲ ಅಂತ ಹೇಳಿದ್ದೆ, ಅಪ್ಪಾ" ಎಂದಷ್ಟೇ ಹೇಳಿ ಒಳಗೆ ಹೋದಳು. ಕೊಟ್ಟ ಮಾತು ಕೊಟ್ಟದ್ದೇ. ನಾಳೆ ಮುಂಜಾನೆ ಬೆಳಗಲಿಗೆ ಹೋಗುವ ಟಂಟಂ ರಿಕ್ಷಾದವನಿಗೆ ಇವರು ತಾವೇ ಹೇಳಿ ಬಂದರು. ಆ ಸಂಜೆ ರೊಟ್ಟಿ ಮುರಿದು ಹಾಗೆಯೇ ತಾಟಿನಲ್ಲಿ ಬಿಟ್ಟೆದ್ದರು.

ಮರುದಿನ ಮುಂಜಾನೆ ಕೂಸಿಗೆ ಎರೆದು, ಬಾಣಂತಿ ಕೋಣೆಯ ಹೊರಸಿನ ಮೇಲೆ ಮಲಗಿಸಿ, ನಾನು ಮಗಳನ್ನು ಬಚ್ಚಲಿಗೆ ಕರೆದೊಯ್ದೆ. ಇವರು ಪಡಸಾಲೆಯಲ್ಲಿ ಮರಿಯ ಕೊರಳಿಗೆ ಹಗ್ಗ ಕಟ್ಟಿಕೊಂಡು ಟಂಟಂ ಕಾಯುತ್ತಿದ್ದರು. ಮರಿ ಹಗ್ಗ ಕೊಸರಿ ಒಳಗೆ ಓಡಿತಂತೆ. ಹೊರಸಿಗೆ ಮುಂಗಾಲು ಹಚ್ಚಿ ಮೂಸಿ, ಬಾಗಿಲಿಗೆ ಓಡಿ ಪರಪರ ಕೆರೆದು, ಮತ್ತೆ ಹೊರಸಿನ ಹತ್ತಿರ ಹೋಗಿ ಕುಂಯ್ ಎಂದಿತಂತೆ. ಇವರು ಬಾಗಿಲು ತೆರೆದರು. ಮರಿ ಹೋಗಲಿಲ್ಲ. ಕೂಸನ್ನು ನೋಡುತ್ತದೆ, ಇವರನ್ನು ನೋಡುತ್ತದೆ, ಬಾಗಿಲನ್ನು ನೋಡುತ್ತದೆ.

ಬಚ್ಚಲಿಗೆ ಇವರ ದನಿ ಕೇಳಿತು: "ಏ, ಇಲ್ಲಿ ಬಾ. ಕೂಸು ಒದ್ದಿ ಮಾಡ್ಕೊಂಡೈತಿ. ಇದು ಅಕಿನ್ನ ಹೊರಗ ಒಯ್ಯಿ ಅನ್ನಾಕತ್ತೈತಿ."

ನನ್ನ ಕೈಯಲ್ಲಿ ಬಿಸಿನೀರಿನ ತಂಬಿಗೆ. "ನೀವಽ ಎತ್ಕೊಳ್ರಿ" ಎಂದೆ.

"ನಾನಾ?"

ಮಗಳ ತಲೆಗೆ ಬಟ್ಟೆ ಸುತ್ತಿ ಅವಳೊಂದಿಗೆ ಹೊಸ್ತಿಲಿಗೆ ಬಂದು ನೋಡಿದರೆ, ಇವರು ತಿಪ್ಪೆಯ ಹತ್ತಿರ ನಿಂತಿದ್ದಾರೆ! ಎರಡೂ ಅಂಗೈಗಳ ಮೇಲೆ ಕೂಸು, ಅಂಗಿಯ ತೋಳು ಒದ್ದೆ, ಕಾಲ ಬಳಿ ಮರಿ. ನಾನು ನಗಬೇಕೆಂದು ಬಾಯಿ ತೆರೆದೆ. ಅವರ ಮುಖ ಕಂಡು ನಗು ಹೊರಡಲಿಲ್ಲ.

"ನಿನ್ನ ಎತ್ಕೊಂಡಿದ್ದಿಲ್ಲವ್ವಾ ನಾ" ಎಂದರು ಮಗಳಿಗೆ. "ಮನ್ಯಾಗ ನಮ್ಮಪ್ಪ ಇದ್ದ, ಕಾಕಾಗೋಳು ಇದ್ರು. ಹಿರ್ಯಾರ ಮುಂದ ತನ್ನ ಕೂಸಿನ್ನ ತಾನ ಎತ್ಕೊಳ್ಳೂದು ಆವಾಗ ಇದ್ದಿಲ್ಲ. ನೀ ಅಳತಿದ್ದಿ, ನಾ ಹೊಲಕ್ಕ ಹೋಗತಿದ್ದೆ."

ಖರೆ. ಅವಳು ನಡೆಯಲು ಕಲಿತು ತಾನೇ ಹೋಗಿ ಕಾಲು ಹಿಡಿಯುವ ತನಕ ಇವರು ಅವಳನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಆ ಮನೆಯಲ್ಲಿ ಯಾವ ಗಂಡಸೂ ಮುಟ್ಟುತ್ತಿರಲಿಲ್ಲ, ಯಾರೂ ಅದನ್ನೊಂದು ಮಾತೆಂದು ಆಡುತ್ತಲೂ ಇರಲಿಲ್ಲ.

ರಸ್ತೆಯಲ್ಲಿ ಟಂಟಂ ಹಾರ್ನು ಹೊಡೆಯಿತು.

ಮಗಳು ಹೊಸ್ತಿಲಲ್ಲಿ ನಿಂತು ಅಪ್ಪನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಅವ್ವಾ, ಟಂಟಂದವಗ ಹೋಗು ಅನ್ನು" ಎಂದಳು. ಅಪ್ಪನಿಗೆ, "ತಲಿ ಕೆಳಗ ಕೈ ಕೊಡು, ಅಪ್ಪಾ. ಹಂಗಲ್ಲ, ಎದಿಗೆ ಹಚ್ಕೋ" ಎಂದಳು.

ಅವರು ಹೇಳಿದಂತೆ ಮಾಡಿದರು. ಕೂಸಿನ ಕಣ್ಣಿಗೆ ಬಿಸಿಲು ಬೀಳುತ್ತಿತ್ತು. ನಿಧಾನಕ್ಕೆ ತಿರುಗಿ, ಬೆನ್ನನ್ನು ಬಿಸಿಲಿಗೆ ಕೊಟ್ಟು ನಿಂತರು.