ಜಪಾನಿ ತೇರಿಗೆ ಅತ್ತೆ ಹಿಡಿದ ಜಾಗ

ನಮ್ಮ ಅತ್ತೆಗೆ ಸ್ವರ್ಗದಲ್ಲಿ ಜಾಗ ಸಿಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅನುಮಾನವಿರುವುದು, ಕೊಟ್ಟ ಜಾಗದಲ್ಲಿ ಅವರು ಕೂರುತ್ತಾರೆಯೇ ಎಂಬುದರಲ್ಲಿ! “ಇಲ್ಲಿಗೆ ಫ್ಯಾನ್ ಗಾಳಿ ಬರಲ್ಲ. ಆ ಕಿಟಕಿ ಪಕ್ಕದ್ದು ಯಾರದ್ದು?” ಎಂದು ದೇವರನ್ನೇ ಕೇಳುವ ಹೆಂಗಸು. ದೇವರು “ಅದು ನಂದಮ್ಮ” ಎಂದರೆ, “ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ” ಎನ್ನುತ್ತಾರೆ. ದೇವರು ಮಾಡಿಕೊಳ್ಳುತ್ತಾನೆ. ಎಲ್ಲರೂ ಮಾಡಿಕೊಂಡಿದ್ದೇವೆ.

ಅತ್ತೆ ನನ್ನ ತಂದೆಯ ಅಕ್ಕ. ಸಿಂಗಪುರದ ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ಬಹಳ ವರ್ಷ ದುಡಿದು ಈಗ ನಿವೃತ್ತರು. ನನಗೆ ಒನ್-ನಾರ್ತ್‌ನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದಾಗಿನಿಂದ ಜುರಾಂಗ್ ಈಸ್ಟ್‌ನ ಅವರ ಫ್ಲ್ಯಾಟಿನಲ್ಲೇ ಇದ್ದೇನೆ. ನನ್ನ ಕೋಣೆಯಲ್ಲಿ ಮಂಚ ಯಾವ ಗೋಡೆಗಿರಬೇಕೆಂದು ಅವರು ತೀರ್ಮಾನಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ನಾನು ಸೋಫಾದ ಮೇಲೆ ಮಲಗಿದೆ. ಹನ್ನೆರಡನೆಯ ದಿನ ಮಂಚ ಮೊದಲಿದ್ದ ಗೋಡೆಗೇ ವಾಪಸು ಬಂತು.

ಅವರ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು ಎಂದು ಹೇಳಿಬಿಟ್ಟರೆ ಅರ್ಧ ಕತೆ ಹೇಳಿದಂತೆ. ಬಾಲ್ಯದಲ್ಲಿ ಯಾವ ಉತ್ಸವಕ್ಕೆ ಹೋದರೂ ಅವರು ನೋಡಿದ್ದು ಜನರ ಬೆನ್ನುಗಳನ್ನು ಮಾತ್ರವಂತೆ. ಆಗಲೇ ಶಪಥ ಮಾಡಿದರು: ಇನ್ನು ಮುಂದೆ ಎಲ್ಲಿ ಹೋದರೂ ಮೊದಲ ಸಾಲು!

ನಂಜನಗೂಡಿನಿಂದ ಮೈಸೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ, ಬಸ್ಸು ನಿಲ್ಲುವ ಮುನ್ನವೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಒಂದು ಬೆಳಿಗ್ಗೆ ಗುರಿ ಸ್ವಲ್ಪ ತಪ್ಪಿ, ಆಗಲೇ ಕೂತಿದ್ದ ಒಬ್ಬರ ತಲೆಯ ಮೇಲೆ ಅದು ಬಿತ್ತು. ಅತ್ತೆ ಒಳಗೆ ಹೋಗಿ, “ಏಳಿ, ಕರ್ಚೀಫ್ ಬಿದ್ದಿರೋ ಜಾಗ ನಂದು” ಎಂದರಂತೆ. ಅವರು ಎದ್ದರು. ಎದ್ದವರು ಮೈಸೂರಿನವರೆಗೆ ನಿಂತೇ ಬಂದರು. ಮರುವರ್ಷ ನನ್ನ ಮಾವನೂ ಆದರು! ಆ ತಲೆಯಲ್ಲಿ ಆಗ ಕೂದಲಿತ್ತು.

ಇಂಥವರು ಸಿಂಗಪುರಕ್ಕೆ ಬಂದರೆ ಏನಾಗಬೇಕು? ಇಲ್ಲಿ ಹಾಕರ್ ಸೆಂಟರ್ ಎಂಬ ಊಟದಂಗಡಿಗಳ ಸಂತೆಯಲ್ಲಿ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇಟ್ಟುಹೋದರೆ ಸಾಕು, ಆ ಜಾಗ ನಿಮ್ಮದು. ಚೋಪ್ ಮಾಡುವುದು ಎನ್ನುತ್ತಾರೆ. ಕರ್ಚೀಫಿನ ಸಂಸ್ಕೃತಿಯಿಂದ ಬಂದ ಅತ್ತೆಗೆ ಇದು ತವರುಮನೆಯೇ ಎದುರು ಬಂದು ನಿಂತಂತಾಯಿತು. “ಎಸೆಯೋದೂ ಬೇಡ, ಇಟ್ರೆ ಆಯ್ತು! ಎಂಥ ಮುಂದುವರಿದ ದೇಶ ನೋಡು!” ಎಂದು ಇಂದಿಗೂ ಕೊಂಡಾಡುತ್ತಾರೆ. ಎಂಆರ್‌ಟಿ ರೈಲಿನಲ್ಲಿ ಯಾವ ಬಾಗಿಲ ಬಳಿ ನಿಂತರೆ ಯಾವ ನಿಲ್ದಾಣದಲ್ಲಿ ಎಸ್ಕಲೇಟರ್ ಮುಂದೆಯೇ ಇಳಿಯಬಹುದೆಂಬುದು ಅವರಿಗೆ ಬಾಯಿಪಾಠ. ಬೇರೆಯವರು ವಿಷ್ಣು ಸಹಸ್ರನಾಮ ಹೇಳುವ ವಯಸ್ಸಿನಲ್ಲಿ ಇವರು ಬಾಗಿಲ ನಂಬರು ಹೇಳುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಈ ವರ್ಷ ಇಲ್ಲಿನ ಜಪಾನಿಗಳ ಒಂದು ಗುಂಪು, ತಮ್ಮ ಊರಿನ ಹಬ್ಬದ ತೇರಿನಂಥದೇ ಒಂದು ಮರದ ತೇರು ಕಟ್ಟಿಸಿ ತಂಜಾಂಗ್ ಪಗಾರ್‌ನ ಹಳೆಯ ಬೀದಿಗಳಲ್ಲಿ ಎಳೆಯುವುದೆಂದು ನಿಶ್ಚಯಿಸಿತು. ನನ್ನ ಪ್ರಯೋಗಾಲಯದ ಹಿರಿಯ ಸಹೋದ್ಯೋಗಿಯೊಬ್ಬರು ಆ ಗುಂಪಿನವರು. ತೇರಿನ ಮೇಲೆ ನಿಂತು ಬಾರಿಸಲು ಅಂಗೈಯಗಲದ ಒಂದು ಕಂಚಿನ ವಾದ್ಯವಿದೆ. ಹೆಚ್ಚುಕಡಿಮೆ ನಮ್ಮ ಜಾಗಟೆಯೇ. ಅದರ ಪೆಟ್ಟು ಬಿದ್ದರೆ ಹಗ್ಗ ಹಿಡಿದವರು ಎಳೆಯಬೇಕು, ನಿಂತರೆ ನಿಲ್ಲಬೇಕು. “ನೀನು ಅಳತೆ ತಪ್ಪುವವಳಲ್ಲ” ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಎಂಟು ತಿಂಗಳು ಪ್ರತಿ ಶನಿವಾರ ಕಲಿತೆ. ಮನೆಯಲ್ಲಿ ಹೇಳಲಿಲ್ಲ. ಕೊನೆಗೆ ಹೇಳಲೇಬೇಕಾಯಿತು.

“ನಮ್ಮ ಹುಡುಗಿ ತೇರಿನ ಮೇಲಾ!” ಅತ್ತೆ ಸೌಟು ಹಿಡಿದೇ ಎದ್ದು ನಿಂತರು. “ರೀ, ಕೇಳಿಸ್ತೇನ್ರೀ? ಜಪಾನಿಯವರ ತೇರು! ಮೇಲೆ ನಮ್ಮ ಪುಟ್ಟಿ!”

“ಅತ್ತೆ, ಒಂದು ರಿಕ್ವೆಸ್ಟ್. ನೀವು ಬರಬೇಡಿ.”

ನನ್ನ ಕಷ್ಟ ಹೇಳುತ್ತೇನೆ. ಗುರುತಿನವರು ನೋಡುತ್ತಿದ್ದಾರೆಂದು ಗೊತ್ತಾದರೆ ನನ್ನ ಕೈಕಾಲು ನನ್ನವಾಗಿ ಉಳಿಯುವುದಿಲ್ಲ. ಎರಡನೆಯ ತರಗತಿಯಲ್ಲಿ ಶಾಲೆಯ ನಾಟಕವಿತ್ತು. ನನ್ನದು ಮರದ ಪಾತ್ರ. ರಜೆಗೆ ಊರಿಗೆ ಬಂದಿದ್ದ ಅತ್ತೆ ಮೊದಲ ಸಾಲಿನಿಂದ ಎದ್ದು, “ಏ ಪುಟ್ಟೀ, ಇಲ್ಲಿ ನೋಡೇ!” ಎಂದು ಕೂಗಿದರು. ಮರ ವೇದಿಕೆ ಬಿಟ್ಟು ಓಡಿಹೋಯಿತು.

“ನಿಮ್ಮ ಮುಖ ಕಂಡ್ರೆ ನನ್ನ ಕೈ ನಿಂತೋಗತ್ತೆ ಅತ್ತೆ. ನನ್ನ ಕೈ ನಿಂತ್ರೆ ತೇರೇ ನಿಲ್ಲತ್ತೆ.”

ಅತ್ತೆ ಸೌಟನ್ನು ಪಾತ್ರೆಯೊಳಗಿಟ್ಟು ಒಲೆ ಆರಿಸಿದರು. ಆಮೇಲೆ ಕೇಳಿದರು: “ತೇರು ಯಾವ ರೋಡಲ್ಲಿ ಬರತ್ತೆ?”

ಮುಗಿಯಿತು ಎಂದುಕೊಂಡೆ.

ಆಮೇಲೆ ನಾಲ್ಕು ಭಾನುವಾರ ತಂಜಾಂಗ್ ಪಗಾರ್‌ನಲ್ಲಿ ಸರ್ವೆ ನಡೆಯಿತು. ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಹೋದರು. ಮಾವ ಬಿಚ್ಚಿದ ಛತ್ರಿಯನ್ನು ತಲೆಯ ಮೇಲೆತ್ತಿ ಹಿಡಿದು ಫುಟ್‌ಪಾತಿನ ಅಂಚಿನಲ್ಲಿ ನಡೆಯಬೇಕು. ಮಾವ ತೇರು, ಛತ್ರಿ ನಾನು. ಅತ್ತೆ ಪ್ರತಿ ಕಂಬ, ಪ್ರತಿ ಮೆಟ್ಟಿಲ ಬಳಿ ನಿಂತು ಒಂದು ಕಣ್ಣು ಮುಚ್ಚಿ ನೋಡಬೇಕು.

“ಮದುವೆಯಾದ ಮೇಲೆ ಏನೇನೋ ಆದೆ, ಕೊನೆಗೆ ತೇರೂ ಆದೆ ನೋಡಮ್ಮ” ಎಂದರು ಮಾವ ನನ್ನತ್ತ ತಿರುಗಿ.

“ತೇರು ಮಾತಾಡಲ್ಲ. ನಡೀರಿ!” ಅತ್ತೆ ಎದುರಿನಿಂದ ಕೂಗಿದರು.

ಕಾಫಿ ಅಂಗಡಿಯ ಚೀನೀ ಅಂಕಲ್ ಒಬ್ಬರಿಗೆ ಕುತೂಹಲ ತಡೆಯಲಾಗಲಿಲ್ಲ. “ಆಂಟಿ, ಲುಕಿಂಗ್ ಫಾರ್ ವಾಟ್ ಲಾ?”

“ಪ್ಲೇಸ್.”

“ಓ! ಟು ಓಪನ್ ಶಾಪ್?”

“ನೋ. ಟು ಸ್ಟ್ಯಾಂಡ್.”

ಅಂಕಲ್ ನನ್ನ ಮುಖ ನೋಡಿದರು. ನಾನು ಛತ್ರಿಯ ಮುಖ ನೋಡಿದೆ.

ಉತ್ಸವದ ದಿನ ನಾನು ಬೇಗನೆ ತೇರಿನ ಬಳಿ ಹೋಗಿದ್ದೆ. ಉಳಿದದ್ದು ಮಾವ ಹೇಳಿದ್ದು. ಸಂಜೆ ಐದರ ತೇರಿಗೆ ಅತ್ತೆ ಹನ್ನೆರಡಕ್ಕೇ ಹೊರಟರು. ಜೊತೆಗೆ ಮಾವ, ನೆರೆಮನೆಯ ಮೂವರು ಆಂಟಿಯರು, ಎರಡು ಮಡಿಸುವ ಸ್ಟೂಲು, ಹದಿನಾಲ್ಕು ಟಿಶ್ಯೂ ಪ್ಯಾಕೆಟ್. ಹೋಗಿ ನೋಡಿದರೆ ತೇರು ತಿರುಗುವ ಮೂಲೆಯಲ್ಲಿ ಜಪಾನಿ ಅಜ್ಜಿಯರು ಅದಾಗಲೇ ನೀಲಿ ಪ್ಲಾಸ್ಟಿಕ್ ಶೀಟು ಹಾಸಿ, ಅಂಚಿಗೆ ಟೇಪು ಹಚ್ಚಿ ಕೂತಿದ್ದರಂತೆ! ಅತ್ತೆಗೆ ಜೀವನದಲ್ಲಿ ಮೊದಲ ಸಲ ಸರಿಸಮಾನ ಎದುರಾಳಿ. ಪಕ್ಕದ ಖಾಲಿ ಜಾಗದಲ್ಲಿ ಟಿಶ್ಯೂ ಪ್ಯಾಕೆಟ್‌ಗಳನ್ನು ಸಾಲಾಗಿ ಇಟ್ಟರು. ಒಬ್ಬ ಅಜ್ಜಿ ಎದ್ದು, ಯಾರೋ ಬೀಳಿಸಿಕೊಂಡಿದ್ದಾರೆಂದು, ಹದಿನಾಲ್ಕನ್ನೂ ಹೆಕ್ಕಿ ಎರಡೂ ಕೈಯಲ್ಲಿ ಹಿಡಿದು ಬಾಗಿ ವಾಪಸು ಕೊಟ್ಟರು. ಅತ್ತೆಯೂ ಬಾಗಿದರು, ಮತ್ತೆ ಇಟ್ಟರು. ಅಜ್ಜಿ ಮತ್ತೆ ಹೆಕ್ಕಿದರು. ಈ ಸಲ ಜೊತೆಗೆ ಒಂದು ಮಿಠಾಯಿಯನ್ನೂ ಕೊಟ್ಟರು, ಪಾಪ ಎಂದು! ಕೊನೆಗೆ ಅತ್ತೆ ಮಾವನ ಹೆಗಲಿನ ಟವೆಲ್ ಎಳೆದು ನೆಲಕ್ಕೆ ಹಾಕಿದರು. ಅಜ್ಜಿಗೆ ಆಗ ಅರ್ಥವಾಯಿತು. ನಕ್ಕು ತಮ್ಮ ಶೀಟನ್ನು ಒಂದು ಮೊಳ ಸರಿಸಿದರು. ಟವೆಲಿಗೆ ಯಾವ ದೇಶದಲ್ಲೂ ಅನುವಾದ ಬೇಡ.

ನಾಲ್ಕೂವರೆಗೆ ಮಾವ ನನಗೆ ಫೋಟೋ ಕಳಿಸಿದರು: ಮೂಲೆ, ಮೊದಲ ಸಾಲು, ಎದುರಿಗೆ ಯಾರೂ ಇಲ್ಲ. ನಾನು ಫೋನ್ ಆರಿಸಿ ತೇರು ಹತ್ತಿದೆ.

ತೇರು ಹೊರಟಿತು. ನಾನು ಬಾರಿಸುತ್ತಾ ದೂರದಿಂದಲೇ ಆ ಮೂಲೆಯನ್ನು ನೋಡುತ್ತಿದ್ದೆ. ಹತ್ತಿರ ಬಂದಂತೆ ಎಲ್ಲ ಕಂಡಿತು. ಮಾವ ಇದ್ದರು, ಆದರೆ ನಾನು ಹೇಳಿದ್ದು ನೆನಪಾಯಿತೋ ಏನೋ, ಫಕ್ಕನೆ ಛತ್ರಿ ಬಿಚ್ಚಿ ಮುಖ ಮುಚ್ಚಿಕೊಂಡರು. ಆಂಟಿಯರಿದ್ದರು, ಬೆನ್ನು ತಿರುಗಿಸಿ! ಜಪಾನಿ ಅಜ್ಜಿಯರಿದ್ದರು. ಅತ್ತೆ ಇರಲಿಲ್ಲ. ಒಂದು ಪೆಟ್ಟೂ ತಪ್ಪಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬರಬೇಡಿ ಎಂದದ್ದು ನಾನೇ ಅಲ್ಲವೇ?

ಈ ತೇರಿನ ಗಾಲಿ ಪಕ್ಕಕ್ಕೆ ಹೊರಳುವುದಿಲ್ಲ. ಮೂಲೆಯಲ್ಲಿ ನಿಲ್ಲಿಸಿ, ಗಾಲಿಯ ಅಡಿಗೆ ಬಿದಿರ ಸೀಳುಗಳನ್ನು ಹಾಸಿ, ನೀರು ಸುರಿದು, ಪಕ್ಕಕ್ಕೆ ಜಗ್ಗಬೇಕು. ಒಂದು ಸಲಕ್ಕೆ ಆಗುವುದಿಲ್ಲ, ಮೂರು ಸಲ. ಪ್ರತಿ ಸಲ ನನ್ನ ಜಾಗಟೆಗೆ ಕಾಯುತ್ತಾರೆ. ಮೊದಲ ಪೆಟ್ಟಿಗೆ ತೇರು ಸ್ವಲ್ಪ ತಿರುಗಿತು. ಎರಡನೆಯದಕ್ಕೆ ಇನ್ನೂ ಸ್ವಲ್ಪ. ಆಗ, ಅಲ್ಲಿಯವರೆಗೆ ನನಗೆ ಕಾಣದಿದ್ದ ಅಂಗಡಿಗಳ ಜಗಲಿ ಕಂಡಿತು.

ಒಂದು ದಪ್ಪ ಕಂಬದ ಹಿಂದೆ, ಸ್ಟೂಲಿನ ಮೇಲೆ ಅತ್ತೆ ನಿಂತಿದ್ದರು. ಅಲ್ಲಿಂದ ತೇರಿನ ಚಂದವೊಂದೂ ಕಾಣುವಂತಿರಲಿಲ್ಲ. ಬಹಳವೆಂದರೆ ನನ್ನ ಮೊಣಕೈ ಕಂಡಿರಬಹುದು. ನಾಲ್ಕು ಭಾನುವಾರ ಅವರು ಹುಡುಕಿದ್ದು ನನ್ನನ್ನು ನೋಡುವ ಜಾಗವನ್ನಲ್ಲ, ನನಗೆ ಕಾಣದಿರುವ ಜಾಗವನ್ನು. ಮೊದಲ ಸಾಲು ಹಿಡಿದದ್ದು ಉಳಿದವರಿಗಾಗಿ. ತೇರು ತಿರುಗಿದರೆ ಕಂಬದ ಹಿಂಬದಿಯೂ ಕಾಣುತ್ತದೆಂಬುದೊಂದು ಲೆಕ್ಕ ಅವರಿಗೆ ತಪ್ಪಿತ್ತು. ಎಲ್ಲಿ ಕೂಗಿಬಿಡುತ್ತೇನೋ ಎಂದು ಎರಡೂ ಕೈಗಳಿಂದ ಬಾಯಿ ಒತ್ತಿ ಹಿಡಿದಿದ್ದರು. ಕಣ್ಣುಗಳು ಮಾತ್ರ ಸುರಿಯುತ್ತಿದ್ದವು.

ನಾನು ಎಂದೂ ದನಿ ಎತ್ತಿದವಳಲ್ಲ. ಎಲ್ಲರೂ ಮೂರನೆಯ ಪೆಟ್ಟಿಗೆ ಕಾಯುತ್ತಿದ್ದ ಆ ಮೌನದಲ್ಲಿ, ಅಷ್ಟೂ ಜನರ ಎದುರು ಕೂಗಿದೆ: “ಅತ್ತೇ! ಮುಂದೆ ಬನ್ನಿ!”

ಹಗ್ಗ ಹಿಡಿದ ಅರವತ್ತು ಜನ ತಲೆ ಎತ್ತಿ ನನ್ನನ್ನೇ ನೋಡಿದರು. ಪಕ್ಕದಲ್ಲಿದ್ದ ಸಹೋದ್ಯೋಗಿ ಗಾಬರಿಯಿಂದ ಜಾಗಟೆ ತೋರಿಸಿದರು. “ನಮ್ಮತ್ತೆ” ಎಂದೆ, ಅವರಿಗೆ ತಿಳಿಯಲಿ ಬಿಡಲಿ, ಕನ್ನಡದಲ್ಲೇ. ಆ ಪುಟ್ಟ ದೇಹ ಸ್ಟೂಲಿನಿಂದ ಇಳಿದು, ಜನರ ಬೆನ್ನುಗಳ ನಡುವೆ ದಾರಿ ಬಿಡಿಸಿಕೊಂಡು, ಮೊದಲ ಸಾಲಿಗೆ ಬಂದು ನಿಲ್ಲುವವರೆಗೆ ನಾನು ಮೂರನೆಯ ಪೆಟ್ಟು ಬಾರಿಸಲಿಲ್ಲ.