ಬಾಗಿಲ ಮುಂದಿನ ಬೇಡಿಕೆ

ಬುದ್ಧ ವ್ಯೂ ಬಡಾವಣೆಯ ಸಾಲುಮನೆಗಳ ದರವನ್ನು ಬಾಗಿಲ ಮುಂದೆ ಬಿಟ್ಟಿರುವ ಚಪ್ಪಲಿಗಳನ್ನು ಎಣಿಸಿ ನಿಗದಿ ಮಾಡಲಾಗುತ್ತದೆ. ಈ ಪದ್ಧತಿ ಬೇರೆಲ್ಲೂ ಜಾರಿಯಲ್ಲಿಲ್ಲ ಎಂಬುದು ಬೇರೆ ಊರುಗಳ ದುರದೃಷ್ಟ. ಮನೆ ಕಟ್ಟಿಸಿದ ಸಂಘದ ನಡಾವಳಿ ಬರೆಯುವವನು ನಾನೇ ಆದ್ದರಿಂದ, ಇದು ಹೇಗೆ ಜಾರಿಗೆ ಬಂತು ಎಂಬುದನ್ನು ಅಧಿಕೃತವಾಗಿ ಹೇಳಬಲ್ಲೆ.

ಬಡಾವಣೆ ಇರುವುದು ಶಹಾಪುರದ ಹೊರಗೆ, ಸುರಪುರದ ರಸ್ತೆಗೆ. ಇಪ್ಪತ್ತೆರಡು ಮನೆಗಳು ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು ನಿಂತಿವೆ. ಒಂದನೇ ನಂಬರಿನಲ್ಲಿ ಕುಕ್ಕರ್ ಕೂಗಿದರೆ ಎರಡನೇ ನಂಬರಿನವರು ಎದ್ದು ಹೋಗಿ ತಮ್ಮ ಗ್ಯಾಸ್ ಆರಿಸುತ್ತಾರೆ. ಮಹಡಿ ಹತ್ತಿದರೆ ಬುದ್ಧ ಮಲಗಿದಂತೆ ಕಾಣುವ ಬೆಟ್ಟವಿದೆ. ಬುದ್ಧನ ಮುಖ ಕಾಣುವ ಮನೆಗೆ ಎರಡು ಲಕ್ಷ ಹೆಚ್ಚು ಕೇಳೋಣ ಎಂದು ಸಂಘದ ಅಧ್ಯಕ್ಷರಾದ ಭಗವಂತರಾಯರು ಮೊದಲೇ ಸೂಚಿಸಿದ್ದರು. ಎಲ್ಲ ಮನೆಗಳಿಂದಲೂ ಪಾದ ಮಾತ್ರ ಕಾಣುವುದರಿಂದ ಆ ಸೂಚನೆಯನ್ನು ಕೈಬಿಡಲಾಯಿತು.

ಮನೆಯ ಮೂಲ ದರ ಇಪ್ಪತ್ತೆಂಟು ಲಕ್ಷ. ಎದುರಿಗೆ ಜಿಮ್ ಬಂತು. ಅದರ ಕೆಳಗೆ ಎಂಬತ್ತು ರೂಪಾಯಿಗೆ ಒಂದು ಕಪ್ ಕಾಫಿ ಕೊಡುವ ಕೆಫೆ ಬಂತು. ಯಾದಗಿರಿಯಿಂದ ಹುಡುಗರು ಬೈಕಿನಲ್ಲಿ ಬಂದು, ಕೆಫೆಯ ಗೋಡೆಯ ಮುಂದೆ ಫೋಟೊ ತೆಗೆಸಿಕೊಂಡು, ಚಹಾ ಕುಡಿಯಲು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದರು. ಇಷ್ಟೆಲ್ಲ ಪ್ರಗತಿಯಾದರೂ ಎಂಟು ತಿಂಗಳು ಒಂದು ಮನೆಯೂ ಹೋಗಲಿಲ್ಲ. ನೋಡಲು ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಮತ್ತ ಯಾರ್ಯಾರು ಬಂದು ನೋಡ್ಯಾರ್ರಿ?" ಯಾರೂ ನೋಡಿಲ್ಲ ಎಂದರೆ ಅವರೂ ನೋಡುತ್ತಿರಲಿಲ್ಲ. ನಮ್ಮ ಜನ ಖಾನಾವಳಿಗೂ ಗದ್ದಲ ಇದ್ದರೆ ಮಾತ್ರ ಹೋಗುವವರು.

ಕೊನೆಗೆ ಒಂಬತ್ತನೇ ನಂಬರಿಗೆ ಜಲಾಲುದ್ದೀನ ಎಂಬ ದರ್ಜಿ ಬಂದ. ಬ್ಯಾಂಕಿನ ಸಾಲ ಮಂಜೂರಾಗುವವರೆಗೆ ಬಾಡಿಗೆ, ಆಮೇಲೆ ಆ ದಿನದ ದರಕ್ಕೆ ರಿಜಿಸ್ಟ್ರಿ ಎಂದು ಕರಾರಾಯಿತು. ಅವನ ಜೊತೆ ಹೆಂಡತಿ ಆಮೀನಾ ಬಂದಳು, ತಂದೆ ಯಾಕೂಬಸಾಬರೂ ಬಂದರು. ಯಾಕೂಬಸಾಬರು ನಿವೃತ್ತ ಬಸ್ ಕಂಡಕ್ಟರ್. ಸುರಪುರ–ಯಾದಗಿರಿ ಗಾಡಿಯಲ್ಲಿ ಮೂವತ್ತು ವರ್ಷ ಚಿಲ್ಲರೆ ಸರಿಯಾಗಿ ಕೊಟ್ಟ ಮನುಷ್ಯ. ಅಂಥವರಿಗೆ ಗೆಳೆಯರು ಎಷ್ಟಿರುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಬಂದ ದಿನವೇ ಸಂಜೆ ಅವರನ್ನು ಮಾತಾಡಿಸಲು ಬಂದವರ ಮೂವತ್ತೊಂದು ಜೋಡಿ ಚಪ್ಪಲಿ ಬಾಗಿಲ ಮುಂದೆ ಬಿದ್ದಿದ್ದವು.

ಆಗಲೇ ಆ ದಾರಿಯಲ್ಲಿ ಒಬ್ಬ ಹತ್ತಿ ವ್ಯಾಪಾರಿ ಸ್ಕೂಟರಿನಲ್ಲಿ ಹೊರಟಿದ್ದ. ಚಪ್ಪಲಿ ರಾಶಿ ನೋಡಿ, ಮನೆಗಳಿಗೆ ಗಿರಾಕಿಗಳು ಮುಗಿಬಿದ್ದಿದ್ದಾರೆ ಎಂದು ತಿಳಿದ. ಗಾಡಿಯಿಂದ ಇಳಿಯದೆಯೇ ಪಕ್ಕದ ಹತ್ತನೇ ನಂಬರಿಗೆ ಒಂದು ಲಕ್ಷ ಮುಂಗಡ ಬಯಾನಾ ಕೊಟ್ಟು, ಒಳಗೆ ಎಷ್ಟು ಕೋಣೆಗಳಿವೆ ಎಂದು ಕೇಳದೆ ಹೊರಟುಹೋದ. ಭಗವಂತರಾಯರು ಬಹಳ ಹೊತ್ತು ಆ ಚಪ್ಪಲಿಗಳನ್ನು ನೋಡುತ್ತ ನಿಂತರು. ಮರುದಿನ ತುರ್ತು ಸಭೆ ಕರೆದರು.

ಸಭೆಯ ನಿರ್ಣಯ ಹೀಗಿದೆ: "ಬೇಡಿಕೆ ಎಂಬುದು ಕಣ್ಣಿಗೆ ಕಾಣದ ವಸ್ತುವಾಗಿದ್ದು, ಅದರ ಚಪ್ಪಲಿ ಮಾತ್ರ ಕಾಣುತ್ತದೆ. ಆದ್ದರಿಂದ ಪ್ರತಿ ದಿನ ಸಂಜೆ ಐದಕ್ಕೆ ಪ್ರತಿ ಮನೆಯ ಮುಂದಿನ ಚಪ್ಪಲಿ ಎಣಿಸತಕ್ಕದ್ದು. ಜೋಡಿಯೊಂದಕ್ಕೆ ಒಂದು ಸಾವಿರ ರೂಪಾಯಿಯಂತೆ ತಿಂಗಳ ಮೊತ್ತವನ್ನು ಮೂಲ ದರಕ್ಕೆ ಕೂಡಿಸತಕ್ಕದ್ದು. ಬೂಟುಗಳನ್ನು ಎರಡು ಜೋಡಿಯೆಂದೂ ಹವಾಯಿ ಚಪ್ಪಲಿಯನ್ನು ಅರ್ಧ ಜೋಡಿಯೆಂದೂ ಭಾವಿಸತಕ್ಕದ್ದು. ರೇಷನ್ ಕಾರ್ಡಿನಲ್ಲಿ ಹೆಸರಿರುವವರ ಚಪ್ಪಲಿಗೆ ತಲಾ ಒಂದು ಜೋಡಿಯಂತೆ ವಿನಾಯಿತಿ ಇರುತ್ತದೆ."

ಎಣಿಕೆಗೆ ಪಂಚಶೀಲಾ ಎಂಬ ಪ್ರಾಮಾಣಿಕ ಹುಡುಗಿಯನ್ನು ನೇಮಿಸಲಾಯಿತು. ಮೊದಲ ವಾರದಲ್ಲೇ ಹತ್ತನೇ ನಂಬರಿನ ವ್ಯಾಪಾರಿ, ಹಳೆ ದರಕ್ಕೆ ರಿಜಿಸ್ಟ್ರಿ ಮುಗಿಸಿ ಹೆಚ್ಚಿಗೆ ಮಾರುವ ಆಸೆಯಿಂದ, ಎಲ್ಲಿಂದಲೋ ಅರವತ್ತು ಜೋಡಿ ತಂದು ಬಾಗಿಲಿಗೆ ಸುರಿದ. ಅವಳು ಒಂದೊಂದರೊಳಗೂ ಕೈಯಿಟ್ಟು ನೋಡಿ, "ಇವು ತಣ್ಣಗ ಅದಾವ್ರಿ, ಯಾರ ಕಾಲೂ ಒಳಗ ಹೋಗಿಲ್ಲ" ಎಂದು ತಿರಸ್ಕರಿಸಿದಳು. ಅಂದಿನಿಂದ ಬಿಸಿ ಇರುವ ಚಪ್ಪಲಿ ಮಾತ್ರ ಸಿಂಧು. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲ ಚಪ್ಪಲಿಯೂ ಬಿಸಿಯಾಗಿಯೇ ಇರುತ್ತದೆ ಎಂಬ ಆಕ್ಷೇಪವನ್ನು ಬೇಸಿಗೆಯಲ್ಲಿ ಪರಿಶೀಲಿಸುವುದಾಗಿ ತಿಳಿಸಲಾಯಿತು.

ಹೊಸ ಪದ್ಧತಿಯ ಮೊದಲ ತಿಂಗಳು ಜಲಾಲುದ್ದೀನನ ಮನೆಯ ಮುಂದೆ ಆರುನೂರು ಜೋಡಿ ದಾಖಲಾದವು. ದರ ಮೂವತ್ತನಾಲ್ಕು ಲಕ್ಷವಾಯಿತು. ಅವನ ಉಳಿತಾಯ ಆರು ಲಕ್ಷ, ಬ್ಯಾಂಕು ಕೊಡುವುದು ಇಪ್ಪತ್ತೆರಡು. ಇಷ್ಟರಲ್ಲಿ ಮನೆ ಬರಬೇಕಾದರೆ ರಿಜಿಸ್ಟ್ರಿಯ ಹಿಂದಿನ ಇಡೀ ತಿಂಗಳು ಅವನ ಬಾಗಿಲಿಗೆ ಯಾರೂ ಬರಬಾರದಾಗಿತ್ತು. ಅವನು ಕಚೇರಿಗೆ ಓಡಿ ಬಂದ.

"ಸಾಹೇಬ್ರ, ಅವರು ಮನಿ ನೋಡಾಕ ಬರಂಗಿಲ್ರಿ. ನಮ್ಮ ಅಬ್ಬಾನ್ನ ನೋಡಾಕ ಬರ್ತಾರ."

"ಅಬ್ಬಾ ಎಲ್ಲಿರ್ತಾರ?" ಎಂದು ಭಗವಂತರಾಯರು ಕೇಳಿದರು.

"ಮನ್ಯಾಗ್ರಿ."

"ಅಂದ ಮ್ಯಾಲ ಮನಿಗೇ ಬಂದಂಗಾತಲ್ಲ. ನಿನ್ನ ಮನಿಗಿ ಇಷ್ಟು ಬೇಡಿಕಿ ಅದ, ಖುಷಿ ಪಡೋದು ಬಿಟ್ಟು ಮಾರಿ ಯಾಕ ಸಣ್ಣ ಮಾಡ್ತಿ?"

ಜಲಾಲುದ್ದೀನ ಖುಷಿಪಟ್ಟು ಮನೆಗೆ ಹೋದ.

ಯಾಕೂಬಸಾಬರು ಗೆಳೆಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಗೆಳೆಯರು ನಕ್ಕು, ಮರುದಿನ ಬರಿಗಾಲಲ್ಲಿ ಬಂದರು. ಸಂಘ ಕೂಡಲೇ ತಿದ್ದುಪಡಿ ತಂದಿತು: ಬರಿಗಾಲಲ್ಲಿ ಬರುವುದು ಬೇಡಿಕೆಯನ್ನು ಮುಚ್ಚಿಡುವ ಅಪರಾಧ; ಅಂಥವರನ್ನು ತಲಾ ಮೂರು ಜೋಡಿಯೆಂದು ಎಣಿಸತಕ್ಕದ್ದು. ಬರಬೇಡಿ ಎಂದರೂ ಅವರು ಕೇಳುವವರಲ್ಲ. ಮುದುಕರು ಕೆಫೆಗೆ ಹೋಗಿ ಕೂರಬಹುದಿತ್ತು, ಆದರೆ ಎಂಬತ್ತು ರೂಪಾಯಿಯ ಕಾಫಿ ಕಂಡರೆ ಅವರಿಗೆ ಮಾತೇ ನಿಂತುಹೋಗುತ್ತಿತ್ತು. ಉಳಿದದ್ದು ಒಂದೇ ದಾರಿ. ಎಲ್ಲರೊಂದಿಗೂ ಜಗಳವಾಡಬೇಕು.

ಎಪ್ಪತ್ತೊಂದು ವರ್ಷದಲ್ಲಿ ಯಾರ ಮೇಲೂ ದನಿ ಏರಿಸದ ಮನುಷ್ಯ ಹೊಸ ವಿದ್ಯೆ ಕಲಿಯಲು ಕೂತರು. ಆಮೀನಾ ಅಡುಗೆಮನೆಯಲ್ಲಿ ನಿಂತು ಹೇಳಿಕೊಟ್ಟಳು. "ಹಂಗ ಮೆಲ್ಲಕ ಅಂದ್ರ ಯಾರಿಗಿ ಸಿಟ್ಟು ಬರ್ತದ ಅಬ್ಬಾ? ಕಣ್ಣು ಬಿಡ್ರಿ. ಬೊಟ್ಟು ತೋರ್ಸ್ರಿ." ಮುದುಕರು ಬೊಟ್ಟು ತೋರಿಸಿ ಕಣ್ಣು ಬಿಟ್ಟರು. ಇಬ್ಬರಿಗೂ ನಗು ಬಂತು. ಆಮೇಲೆ ಆಮೀನಾ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಹದಿನೈದು ದಿನದಲ್ಲಿ ಎಲ್ಲರೊಂದಿಗೂ ಜಗಳ ಮುಗಿಯಿತು. ವೆಂಕಟಪ್ಪನನ್ನು ಕೊನೆಗೆ ಇಟ್ಟುಕೊಂಡಿದ್ದರು. ಅದೇ ಗಾಡಿಯಲ್ಲಿ ಇಪ್ಪತ್ತೆರಡು ವರ್ಷ ಡ್ರೈವರ್ ಆಗಿದ್ದವನು ಅವನು. ದಿನಾ ಮಧ್ಯಾಹ್ನ ಮೂರಕ್ಕೆ ಬಂದು ಆರಕ್ಕೆ ಏಳುತ್ತಿದ್ದ.

"ಡ್ರೈವರಾ, ನಾಳಿಂದ ನಮ್ಮ ಮನಿಗಿ ಬರಬ್ಯಾಡ."

"ಯಾಕ್ರಿ ಕಂಡಕ್ಟ್ರ, ಆರಾಮಿಲ್ಲೇನು?"

"ಆರಾಮ ಅದೀನಿ. ನಿನ್ನ ಕೂಡ ಜಗಳ ಮಾಡಾಕತ್ತೇನಿ."

"ಯಾವುದರ ಸಲುವಾಗಿ?"

ಯಾಕೂಬಸಾಬರು ಸ್ವಲ್ಪ ಯೋಚಿಸಿದರು. "ಹತ್ತಿಗೂಡೂರ ಕ್ರಾಸಿನ್ಯಾಗ ಒಮ್ಮಿ ನನ್ನ ಬಿಟ್ಟು ಗಾಡಿ ಹೊಡಕೊಂಡು ಹೋಗಿದ್ದಿ."

"ಮೂರು ಮೈಲಿ ಹೋಗಿ ತಿರುಗಿ ಬಂದಿದ್ನಲ್ಲ! ಅದಾಗಿ ಇಪ್ಪತ್ತೈದು ವರ್ಷ ಆತು!"

"ನನಗ ಈಗ ಸಿಟ್ಟು ಬಂದದ. ನೀ ಮನುಷ್ಯಾನೇ ಅಲ್ಲ, ಏಳು." ಕಣ್ಣು ಬಿಟ್ಟು, ಬೊಟ್ಟು ತೋರಿಸಿ, ಆಮೀನಾ ಹೇಳಿಕೊಟ್ಟ ಹಾಗೆಯೇ ಹೇಳಿದರು. ವೆಂಕಟಪ್ಪ ಅರ್ಧ ಕುಡಿದ ಚಹಾ ಕೆಳಗಿಟ್ಟು ಎದ್ದ. ಹೊರಗೆ ಬಂದವನಿಗೆ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೋಯಿತು, ಹಾಗೆಯೇ ನಡೆದ. ಅವತ್ತು ನಾನು ಎದುರಿನ ಕೆಫೆಯಲ್ಲಿ ಕೂತು ಅವನು ಹೋಗುವುದನ್ನು ನೋಡಿದೆ. ಬರೆದುಕೊಳ್ಳಲು ಪುಸ್ತಕ ತೆಗೆದೆ. ನಡಾವಳಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಮುಂದಿನ ತಿಂಗಳು ಒಂಬತ್ತನೇ ನಂಬರಿನ ಲೆಕ್ಕ ಸೊನ್ನೆ. ಇಪ್ಪತ್ತೆಂಟು ಲಕ್ಷಕ್ಕೆ ರಿಜಿಸ್ಟ್ರಿ ಆಯಿತು. ಮನೆಯಾದ ಸಂತೋಷಕ್ಕೆ ಆಮೀನಾ ದೊಡ್ಡ ದೇಗಡಿ ಪಾತ್ರೆಯ ತುಂಬ ಬಿರಿಯಾನಿ ಮಾಡಿದಳು, ಊರಿಗೆಲ್ಲ ಹೇಳಿ ಕಳಿಸಿದಳು. ಯಾರೂ ಬರಲಿಲ್ಲ. ಜಗಳ ಅಷ್ಟು ಚೆನ್ನಾಗಿ ಆಗಿತ್ತು. ಮೂವರೂ ನಾಲ್ಕು ದಿನ ಅದನ್ನೇ ಉಂಡರು.

ಯಾರೂ ಬಾರದ ಮನೆಗೆ ಬೇಡಿಕೆ ಇಲ್ಲವೆಂದೇ ಅರ್ಥ. ಆದ್ದರಿಂದ ರಿಜಿಸ್ಟ್ರಿ ಆದ ಮನೆಯಲ್ಲಿ ತಿಂಗಳ ಲೆಕ್ಕ ಸೊನ್ನೆಯಾದರೆ ಮೌಲ್ಯದಲ್ಲಿ ಎರಡು ಲಕ್ಷ ಕಡಿತ ಮಾಡುವುದು ನಿಯಮ. ನಾಲ್ಕು ತಿಂಗಳಲ್ಲಿ ಮನೆ ಇಪ್ಪತ್ತು ಲಕ್ಷಕ್ಕೆ ಇಳಿಯಿತು. ಬ್ಯಾಂಕಿನಿಂದ ಕಾಗದ ಬಂತು: ಮನೆ ಸಾಲಕ್ಕಿಂತ ಚಿಕ್ಕದಾಗಿದೆ, ಒಂದೋ ಎರಡು ಲಕ್ಷ ಕಟ್ಟಿ, ಇಲ್ಲವೇ ತಿಂಗಳೊಳಗೆ ಬೇಡಿಕೆ ತನ್ನಿ, ತಪ್ಪಿದರೆ ಹರಾಜು.

"ಅಬ್ಬಾ, ಎಲ್ಲಾರ ಕೂಡ ಮತ್ತ ದೋಸ್ತಿ ಮಾಡ್ರಿ," ಎಂದು ಜಲಾಲುದ್ದೀನ ಕೈಮುಗಿದ. "ಈ ತಿಂಗಳೇ ಆಗಬೇಕು."

ಯಾಕೂಬಸಾಬರು ಮನೆಮನೆಗೆ ಹೋಗಿ ತಪ್ಪಾಯಿತೆಂದರು. ಆದರೆ ಅಷ್ಟರಲ್ಲಿ ಬಡಾವಣೆ ಬಹಳ ಮುಂದುವರಿದಿತ್ತು. ಮನೆ ಕೊಂಡವರೆಲ್ಲ ಬೆಲೆ ಏರಿಸಿಕೊಳ್ಳಲು ದಿನಗೂಲಿಯ ಮೇಲೆ ಅತಿಥಿಗಳನ್ನು ಕರೆಸುತ್ತಿದ್ದರು. ಸಂಘ ಇದನ್ನು ಶಿಸ್ತಿಗೆ ತಂದು, ಭೇಟಿಯೊಂದಕ್ಕೆ ಐವತ್ತು ರೂಪಾಯಿ ಭತ್ಯೆ, ಅವಧಿ ಅರ್ಧ ಗಂಟೆ ಎಂದು ಗೊತ್ತುಪಡಿಸಿತ್ತು. ಕೆಲಸವಿಲ್ಲದ ಎಷ್ಟೋ ಜನಕ್ಕೆ ಇದರಿಂದ ಊಟವಾಯಿತು. ಯಾದಗಿರಿಯಿಂದಲೂ ಅತಿಥಿಗಳು ಬೆಳಗಿನ ಬಸ್ಸಿಗೆ ಬರತೊಡಗಿದರು. ಈಗ ಎಣಿಕೆ ಸಂಜೆ ಐದಕ್ಕಲ್ಲ, ರಶೀದಿ ಹರಿದಾಗಲೇ; ಭತ್ಯೆಯ ರಶೀದಿ ಇಲ್ಲದ ಭೇಟಿಯನ್ನು ಎಣಿಕೆಗೆ ತೆಗೆದುಕೊಳ್ಳುವಂತಿಲ್ಲ.

ವೆಂಕಟಪ್ಪ ಬಂದ. ಐದು ತಿಂಗಳಾಗಿತ್ತು. ಬಾಗಿಲಲ್ಲಿ ನಿಂತು, "ಸಿಟ್ಟು ಇಳೀತೇನ್ರಿ ಕಂಡಕ್ಟ್ರ?" ಎಂದ. ಯಾಕೂಬಸಾಬರು ಅವನ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದರು. ಆಮೀನಾ ಚಹಾ ಕೊಟ್ಟಳು. ನಾರಾಯಣಪುರದ ಡ್ಯಾಮಿಗೆ ಈ ಸಲ ನೀರು ಎಷ್ಟು ಬಂತು, ವೆಂಕಟಪ್ಪನ ಸೈದಾಪುರದ ಮೊಮ್ಮಗಳಿಗೆ ಹಲ್ಲು ಬಂತೋ ಇಲ್ಲವೋ ಎಂದು ಮುದುಕರಿಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಮಾತಾಡಿದರು. ಅರ್ಧ ಗಂಟೆಯಾದದ್ದು ಗೊತ್ತಾಗಲಿಲ್ಲ. ಹೊರಗೆ ಪಂಚಶೀಲಾ ರಶೀದಿ ಪುಸ್ತಕ ಹಿಡಿದು ನಿಂತಿದ್ದಳು.

"ಇವರ ಕಡಿಂದ ನಾ ರೊಕ್ಕ ತಗೊಳಂಗಿಲ್ಲ ನೋಡವ್ವ," ಎಂದ ವೆಂಕಟಪ್ಪ.

"ತಗೊಳ್ಳಲಿಲ್ಲಂದ್ರ ನೀವು ಬಂದಂಗ ಆಗಂಗಿಲ್ರಿ ಕಾಕಾ."

ವೆಂಕಟಪ್ಪ ಗೆಳೆಯನ ಮುಖ ನೋಡಿದ. ಯಾಕೂಬಸಾಬರು ತಲೆಯಾಡಿಸಿದರು. ಅವನು ಐವತ್ತು ರೂಪಾಯಿ ತೆಗೆದುಕೊಂಡು ಸಹಿ ಮಾಡಿದ, ಚಪ್ಪಲಿ ಮೆಟ್ಟಿದ.

"ಇನ್ನೊಂದು ಗಳಿಗಿ ಕೂಡೋ," ಎಂದರು ಯಾಕೂಬಸಾಬರು.

"ಕೂಡತಿದ್ನಿ. ಹತ್ತನೇ ನಂಬರಿನ್ಯಾಗ ನಾಲ್ಕೂವರಿಗಿ ಬರ್ತೀನಂತ ಹೇಳೀನ್ರಿ. ಅಲ್ಲೂ ಐವತ್ತು ಅದ."

ಯಾಕೂಬಸಾಬರು ಜೇಬಿನಿಂದ ಇನ್ನೊಂದು ಐವತ್ತರ ನೋಟು ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ವೆಂಕಟಪ್ಪ ಬೇಡವೆನ್ನಲಿಲ್ಲ. ಎರಡನೇ ರಶೀದಿಗೆ ಸಹಿ ಮಾಡಿ, ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದ. ನಿಯಮದ ಪ್ರಕಾರ ಇದು ಬೇರೆ ಭೇಟಿ. ಪಂಚಶೀಲಾ ಬಗ್ಗಿ, ಚಪ್ಪಲಿಯೊಳಗೆ ಕೈಯಿಟ್ಟು ನೋಡಿ, ಎರಡು ಜೋಡಿ ಎಂದು ಬರೆದುಕೊಂಡಳು. ಲೆಕ್ಕ ಸರಿಯಾಗಿದೆ ಎಂದು ಎಲ್ಲರೂ ಒಪ್ಪಿದರು, ಯಾಕೂಬಸಾಬರೂ ಒಪ್ಪಿದರು.